ತೋರಾದ ವಾರಪಾಠ: ಪ್ರಕರಣವಿಭಾಗವೂ ತಾತ್ಪರ್ಯನಿರ್ಣಯವೂ

ಗ್ರಂಥವೊಂದರ ತಾತ್ಪರ್ಯವನ್ನು ನಿರ್ಣಯಿಸುವುದಕ್ಕೆ ಭಾರತೀಯ ಶಾಸ್ತ್ರಕಾರರು ಆರು ಲಿಂಗಗಳನ್ನು ಹೇಳಿರುವರು. ಅವುಗಳಲ್ಲಿ ಮೊದಲನೆಯದು ಉಪಕ್ರಮೋಪಸಂಹಾರಗಳ ವಿಚಾರ. ಎಂದರೆ ಪ್ರಕರಣವು ಎಲ್ಲಿ ತೊಡಗಿ ಎಲ್ಲಿ ಮುಗಿಯುವುದೆಂಬುದರ ಪರಿಶೀಲನೆ. ಪ್ರಕರಣದ ಎಲ್ಲೆಯನ್ನು ನಾಲ್ಕು ವಾಕ್ಯಗಳಷ್ಟು ಹಿಂದೆಮುಂದೆ ಸರಿಸಿದರೂ ಉಪಕ್ರಮೋಪಸಂಹಾರಗಳು ಬೇರೆಯಾಗುವುವು; ಅವು ಬೇರೆಯಾದಲ್ಲಿ ತಾತ್ಪರ್ಯವೂ ಬೇರೆಯಾಗಿ ತೋರುವುದು. ಈ ನ್ಯಾಯವು ಸಂಸ್ಕೃತಗ್ರಂಥಗಳಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಯೆಹೂದ್ಯರೂ ಕ್ರೈಸ್ತರೂ ಸಮಾನವಾಗಿ ಪೂಜ್ಯವೆಂದು ಭಾವಿಸುವ ಮೋಶೆಯ ಪಂಚಗ್ರಂಥಗಳಿಗೆ, ಎಂದರೆ ತೋರಾಕ್ಕೆ, ಇದನ್ನು ಅನ್ವಯಿಸಿ ನೋಡಿದರೆ, ಒಂದೇ ಮೂಲದಿಂದ ಎರಡು ಮತಗಳು ಎರಡು ಅರ್ಥಗಳನ್ನು ಹೊಂದಿದ ಬಗೆಯು ಬಹುಮಟ್ಟಿಗೆ ಸ್ಪಷ್ಟವಾಗುವುದು.

ಕನ್ನಡ ಓದುಗರಿಗೆ ಈ ಗ್ರಂಥಗಳ ಪರಿಚಯವಾದುದು ಕ್ರೈಸ್ತರ ಮೂಲಕ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮೊದಲಾದವರ ಪರಿಶ್ರಮದಿಂದ ೧೮೩೧ರಲ್ಲಿ ಸಮಗ್ರ ಬೈಬಲು ಕನ್ನಡಕ್ಕೆ ಬಂದಿತು. ಬಾಸೆಲ್ ಮಿಶನ್ನಿನವರು ೧೮೩೭ರಲ್ಲಿ ಧಾರವಾಡದಲ್ಲಿಯೂ ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಗೊಂಡರು. ಹುಬ್ಬಳ್ಳಿಯಿಂದ ಹರಿಹರಕ್ಕೆ ಸಾಗುವ ರೈಲುದಾರಿಯಲ್ಲಿ ಒಂದರ ಮುಂದೊಂದಾಗಿ ದೊರೆಯುವ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಆಗ ಧಾರವಾಡ ಜಿಲ್ಲೆಗೆ ಸೇರಿದ್ದುವು. ೧೯೯೭ರಿಂದ ಹಾವೇರಿ ಜಿಲ್ಲೆಯಲ್ಲಿವೆ. ಈ ಊರುಗಳ ವಿದ್ಯಾರ್ಥಿಯು ನೋಹನ ಅಥವಾ ಅಬ್ರಹಾಮನ ಕಥೆಯನ್ನು ಓದುವುದು ಕನ್ನಡ ಬೈಬಲಿನ ಅಧ್ಯಾಯಕ್ರಮದಲ್ಲಿ, 'ಹಳೆಯ ಒಡಂಬಡಿಕೆ' ಎಂಬ ಶಿರೋನಾಮದ ಅಡಿಯಲ್ಲಿ. ಆ ಅಧ್ಯಾಯವಿಭಾಗವು ಕ್ರಿಸ್ತಶಕ ಹದಿಮೂರನೆಯ ಶತಮಾನದ ಕ್ರೈಸ್ತ ಯೂರೋಪಿನದು. ಯೆಹೂದ್ಯರ ಪ್ರಾಚೀನವಿಭಾಗವು ಅದರಿಂದ ಭಿನ್ನವೆಂಬುದು ಪುಸ್ತಕದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ.

ಕನ್ನಡ ಭಾಷಾಂತರಕಾರರು ಐದು ಗ್ರಂಥಗಳಿಗೆ ಇಟ್ಟ ಹೆಸರುಗಳೇ ಗಮನಾರ್ಹವಾಗಿವೆ: ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ. ರಾಮಾಯಣವನ್ನು ಬಲ್ಲವರಿಗೆ ಕಾಂಡವಿಭಾಗವು ಹೊಸದಲ್ಲ; ಅರಣ್ಯಕಾಂಡವೆಂಬ ಹೆಸರಂತೂ ಅಲ್ಲಿಯದೇ. ನಾಲ್ಕನೆಯ ಗ್ರಂಥಕ್ಕೆ ಗ್ರೀಕರು ಕೊಟ್ಟ ಹೆಸರಿನ ಅರ್ಥವು 'ಸಂಖ್ಯೆಗಳು' ಎಂದು. ಹೀಬ್ರೂ ಭಾಷೆಯಲ್ಲಿ ಅದು 'ಬೆಮಿದ್ಬಾರ್', ಎಂದರೆ 'ಅರಣ್ಯದಲ್ಲಿ'. ಹೀಗೆ ಕನ್ನಡದ ಅರಣ್ಯಕಾಂಡವು ಗ್ರೀಕ್ ಸಂಪ್ರದಾಯಕ್ಕಿಂತ ಯೆಹೂದ್ಯ ಸಂಪ್ರದಾಯಕ್ಕೆ ಹತ್ತಿರವಾಗಿದೆ.

ಯೆಹೂದ್ಯರು ಈ ಐದು ಗ್ರಂಥಗಳನ್ನು ೫೪ ವಾರಪಾಠಗಳಾಗಿ ವಿಂಗಡಿಸಿ ಒಂದು ವರ್ಷದಲ್ಲಿ ಓದಿ ಮುಗಿಸುತ್ತಾರೆ. ಒಂದೊಂದು ಪಾಠಕ್ಕೂ ಪಾರಾಷಾ ಎಂದು ಹೆಸರು. ಪಾಠದ ಆರಂಭದಲ್ಲಿ ಬರುವ ಮುಖ್ಯಪದವೇ ಅದರ ಅಂಕಿತ. ಪೂರ್ವಕಾಲದಲ್ಲಿ ಪ್ಯಾಲಸ್ತೀನದವರು ಸುಮಾರು ಮೂರು ವರ್ಷಗಳಲ್ಲಿಯೂ ಬಾಬಿಲೋನಿನವರು ಒಂದು ವರ್ಷದಲ್ಲಿಯೂ ಇದನ್ನು ಮುಗಿಸುತ್ತಿದ್ದರು. ಕಡೆಗೆ ಬಾಬಿಲೋನಿನ ಕ್ರಮವೇ ಸರ್ವತ್ರ ನೆಲೆಯೂರಿತು. ಯೆಹೂದ್ಯರ ಪಂಚಾಂಗವು ಚಾಂದ್ರಸೌರವಾದುದು. ಹತ್ತೊಂಬತ್ತು ವರ್ಷಗಳಲ್ಲಿ ಏಳು ಅಧಿಕಮಾಸಗಳು ಬರುತ್ತವೆ. ಅಧಿಕಮಾಸವಿಲ್ಲದ ವರ್ಷದಲ್ಲಿ ಶನಿವಾರಗಳು ಸಾಲದಿರುವುದರಿಂದ ಕೆಲವು ಪಾಠಗಳನ್ನು ಎರಡೆರಡಾಗಿ ಜೋಡಿಸಿ ಓದುವರು. ಶರದೃತುವಿನ ಹಬ್ಬಗಳ ಕೊನೆಯಲ್ಲಿ ಬರುವ 'ಸಿಂಹತ್ ತೋರಾ' ಎಂಬ ಉತ್ಸವದಂದು ಐದನೆಯ ಗ್ರಂಥದ ಕೊನೆಯನ್ನು ಓದಿ, ಆ ದಿನವೇ ಮೊದಲನೆಯ ಗ್ರಂಥದ ಆದಿಯನ್ನು ಹಿಡಿಯುವರು. ಪಾರಾಯಣವು ಮುಗಿಯಿತೆಂಬ ಮಾತಿಗೆ ಅಲ್ಲಿ ಅವಕಾಶವೇ ಇಲ್ಲ.

ಓದುವ ವಿಧಾನವು ವೇದಾಧ್ಯಯನವನ್ನು ಬಲ್ಲವರಿಗೆ ಸುಲಭವಾಗಿ ತಿಳಿಯತಕ್ಕದ್ದು. ಚರ್ಮದ ಸುರುಳಿಯಲ್ಲಿ ವ್ಯಂಜನಗಳು ಮಾತ್ರ ಬರೆಯಲ್ಪಟ್ಟಿರುತ್ತವೆ. ಸ್ವರಚಿಹ್ನೆಗಳೂ ಗಾನಚಿಹ್ನೆಗಳೂ ಇರುವುದಿಲ್ಲ. ಓದುವವನು ಅವೆಲ್ಲವನ್ನೂ ಮೊದಲೇ ಅಭ್ಯಾಸಮಾಡಿರಬೇಕು. ತಪ್ಪಿದರೆ ಬಳಿಯಲ್ಲಿ ನಿಂತವರು ತಿದ್ದುವರು. ಪ್ರಾಚೀನ ಲಿಪಿಕಾರರು ಐದು ಗ್ರಂಥಗಳ ವಚನಗಳನ್ನು ೫,೮೪೫ ಎಂದು ಎಣಿಸಿ ಇಟ್ಟಿರುವರು. ಜನರ ಆಡುಮಾತು ಅರಮಾಯಿಕ್ ಆದ ಮೇಲೆ, ಒಬ್ಬನು ಹೀಬ್ರೂ ಮೂಲವನ್ನು ಓದುವುದೂ ಮತ್ತೊಬ್ಬನು ವಚನ ವಚನಕ್ಕೂ ಅದರ ಅರ್ಥವನ್ನು ಆಡುಮಾತಿನಲ್ಲಿ ಹೇಳುವುದೂ ರೂಢಿಗೆ ಬಂದಿತು. ಇದಕ್ಕೆ ತರ್ಗುಮ್ ಎಂದು ಹೆಸರು. ಶ್ರಾವಣಮಾಸದಲ್ಲಿ ಹಾವೇರಿ ಸೀಮೆಯ ಮಠಗಳಲ್ಲಿ ನಡೆಯುವ ಪುರಾಣಪ್ರವಚನವನ್ನು ಕೇಳಿದವರಿಗೆ, ಪದ್ಯವನ್ನು ಓದುವವನೂ ಅರ್ಥವನ್ನು ಬಿಡಿಸುವವನೂ ಬೇರೆಬೇರೆಯಾಗಿ ಕುಳಿತಿರುವ ದೃಶ್ಯವು ಅಪರಿಚಿತವಲ್ಲ. ಮೂಲದ ಅಕ್ಷರವು ಕದಲಬಾರದು, ಅರ್ಥವು ಜನರಿಗೆ ಮುಟ್ಟದೆ ಇರಬಾರದು ಎಂಬ ಎರಡು ನಿಷ್ಠೆಗಳು ಕೂಡಿದ ಕಡೆಯಲ್ಲೆಲ್ಲ ಇಂಥ ಏರ್ಪಾಡು ಹುಟ್ಟುವುದು ಸಹಜ.

ಪಾರಾಷಾ ಮುಗಿದ ಮೇಲೆ ಪ್ರವಾದಿಗಳ ಗ್ರಂಥಗಳಿಂದ ಒಂದು ಭಾಗವನ್ನು ಓದುವರು. ಇದು ಹಫ್ತಾರಾ. ಇದನ್ನು ಆಯ್ದವರು ತೋರಾಪಾಠದ ಯಾವುದಾದರೊಂದು ಪದಕ್ಕೆ ಅಥವಾ ಅರ್ಥಕ್ಕೆ ಸಂವಾದಿಯಾಗುವಂತೆ ಆಯ್ದಿರುವರು. ಆದುದರಿಂದ ಇದು ಕೇವಲ ಅನುಬಂಧವಲ್ಲ, ಒಂದು ವ್ಯಾಖ್ಯಾನವೇ ಸರಿ.

ನೋಹನ ಕಥೆಯಿಂದ ಇದನ್ನು ವಿಶದಪಡಿಸಬಹುದು. ಕನ್ನಡ ಬೈಬಲಿನಲ್ಲಿ ಆದಿಕಾಂಡದ ಆರನೆಯ ಅಧ್ಯಾಯವು ಮನುಷ್ಯರ ದುಷ್ಟತನದಿಂದ ತೊಡಗಿ ನಾವೆಯ ನಿರ್ಮಾಣದಲ್ಲಿ ಮುಗಿಯುತ್ತದೆ. ಯೆಹೂದ್ಯರ ವಿಭಾಗದಲ್ಲಾದರೋ ಮೊದಲನೆಯ ವಾರಪಾಠವು ಜಗತ್ಸೃಷ್ಟಿಯಿಂದ ಹೊರಟು ಅದೇ ಆರನೆಯ ಅಧ್ಯಾಯದ ಎಂಟನೆಯ ವಚನದಲ್ಲಿ ನಿಲ್ಲುತ್ತದೆ. ಸಮಸ್ತ ಪ್ರಾಣಿಗಳನ್ನೂ ಅಳಿಸಿಬಿಡುವೆನೆಂಬ ದೇವರ ಸಂಕಲ್ಪವು ಏಳನೆಯ ವಚನದಲ್ಲಿದೆ. ನೋಹನಿಗೆ ಕೃಪೆ ದೊರೆಯಿತೆಂಬುದು ಎಂಟನೆಯದರಲ್ಲಿದೆ. ಒಂದು ವಚನ ಮೊದಲೇ ನಿಲ್ಲಿಸಿದ್ದರೆ ಉಪಸಂಹಾರವು ವಿನಾಶವಾಗುತ್ತಿತ್ತು. ಈಗ ಅದು ಕೃಪೆಯಾಗಿದೆ. ಮರುವಾರದ ಪಾಠವು ನೋಹನ ಧರ್ಮಿಷ್ಠತೆಯಿಂದ ತೊಡಗಿ ಅಬ್ರಹಾಮನ ತಂದೆಯಾದ ತೆರಹನ ಮರಣದವರೆಗೆ ಸಾಗುತ್ತದೆ. ಅದರ ಹಫ್ತಾರಾ ಯೆಶಾಯನ ಐವತ್ತನಾಲ್ಕನೆಯ ಅಧ್ಯಾಯ. ದೇಶಭ್ರಷ್ಟರಾದ ಜನರನ್ನು ಸಂತೈಸುವ ಆ ಭಾಗದಲ್ಲಿ, ನೋಹನ ಕಾಲದ ಪ್ರಳಯವನ್ನು ಮತ್ತೆ ತರುವುದಿಲ್ಲವೆಂಬ ದೇವರ ಆಣೆಯ ಸ್ಮರಣೆಯಿದೆ. ಹೀಗೆ ಪ್ರಳಯಕಥೆಯು ಯೆಹೂದ್ಯರಿಗೆ ಮುಖ್ಯವಾಗಿ ಮುರಿಯದ ಆಣೆಯ ಕಥೆ. ಕ್ರೈಸ್ತರಲ್ಲಿ ಪೇತ್ರನ ಮೊದಲನೆಯ ಪತ್ರಿಕೆಯು ಆ ನೀರನ್ನು ದೀಕ್ಷಾಸ್ನಾನಕ್ಕೆ ಹೋಲಿಸಿದೆ; ಮತ್ತಾಯನ ಸುವಾರ್ತೆಯು ನೋಹನ ದಿನಗಳನ್ನು ಕ್ರಿಸ್ತನ ಪುನರಾಗಮನಕ್ಕೆ ಹೋಲಿಸಿದೆ. ಮೂಲವು ಒಂದೇ, ಪಕ್ಕದಲ್ಲಿಟ್ಟ ಪಾಠವು ಬೇರೆ.

ಅಬ್ರಹಾಮನು ಇಸಾಕನನ್ನು ಬಲಿಪೀಠದ ಮೇಲೆ ಕಟ್ಟಿದ ಪ್ರಸಂಗವು ಇನ್ನೂ ಸೂಕ್ಷ್ಮವಾದ ಉದಾಹರಣೆ. ಇದು ಆದಿಕಾಂಡದ ೨೨ನೆಯ ಅಧ್ಯಾಯ. ಯೆಹೂದ್ಯರ ವಾರಪಾಠವು ೧೮ನೆಯ ಅಧ್ಯಾಯದ ಅತಿಥಿಸತ್ಕಾರದಿಂದಲೂ ಪುತ್ರಜನನದ ವಾಗ್ದಾನದಿಂದಲೂ ತೊಡಗಿ, ಈ ಪ್ರಸಂಗವನ್ನು ದಾಟಿ, ಇಸಾಕನ ಮುಂದಣ ಹೆಂಡತಿಯಾದ ರೆಬೆಕ್ಕಳ ಹೆಸರು ಬರುವ ವಂಶಾವಳಿಯಲ್ಲಿ ಮುಗಿಯುತ್ತದೆ. ಸಂತತಿಯ ವಾಗ್ದಾನವು ಉಪಕ್ರಮ. ಸಂತತಿಯು ಮುಂದುವರಿಯುವ ಸೂಚನೆಯು ಉಪಸಂಹಾರ. ಇದರ ಹಫ್ತಾರಾ ಎರಡನೆಯ ಅರಸುಗಳ ಗ್ರಂಥದಿಂದ ಬಂದಿದೆ. ಶೂನೇಮಿನ ಗೃಹಿಣಿಯೊಬ್ಬಳು ಎಲೀಷನೆಂಬ ಪ್ರವಾದಿಗೆ ಆತಿಥ್ಯವಿತ್ತು ಮಗನನ್ನು ಪಡೆಯುವಳು. ಆ ಮಗು ಸಾಯುವುದು. ಪ್ರವಾದಿಯು ಅದನ್ನು ಬದುಕಿಸುವನು. ಅಷ್ಕೆನಾಜಿ ಸಂಪ್ರದಾಯದವರು ಮಗುವು ಬದುಕುವ ತನಕ ಓದುವರು. ಸೆಫರ್ದಿ ಸಂಪ್ರದಾಯದವರು, ಆ ತಾಯಿಯು ಮಗುವಿನ ಮರಣವನ್ನು ಗಂಡನಿಗೂ ತಿಳಿಸದೆ ಎಲ್ಲವೂ ಕ್ಷೇಮವೆಂದು ನುಡಿಯುವಲ್ಲಿಯೇ ನಿಲ್ಲಿಸುವರು. ಮೊದಲನೆಯವರಿಗೆ ಪುನರ್ಜೀವನವು ಉಪಸಂಹಾರ. ಎರಡನೆಯವರಿಗೆ ತಾಯಿಯ ಧೈರ್ಯವು ಉಪಸಂಹಾರ.

ಕ್ರೈಸ್ತರಾದರೋ ಈ ಅಧ್ಯಾಯವನ್ನು ಕ್ರಿಸ್ತನ ಪುನರುತ್ಥಾನದ ಹಬ್ಬದ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ಓದುವ ಸಂಪ್ರದಾಯವುಳ್ಳವರು. ತಂದೆಯು ಅರ್ಪಿಸಿದ ಮಗನಲ್ಲಿ ಅವರು ಕ್ರಿಸ್ತನ ಪ್ರತಿರೂಪವನ್ನು ಕಾಣುವರು. ಇಬ್ರಿಯರಿಗೆ ಬರೆದ ಪತ್ರಿಕೆಯ ೧೧ನೆಯ ಅಧ್ಯಾಯವು, ಅಬ್ರಹಾಮನು ಮಗನನ್ನು ಸತ್ತವರೊಳಗಿನಿಂದ ಮರಳಿ ಪಡೆದಂತಾಯಿತೆಂಬ ಅರ್ಥವನ್ನು ಹೇಳುತ್ತದೆ. ಎರಡು ಮತಗಳು ಇಲ್ಲಿ ದೂರವಾದುವೆಂದು ತೋರುವ ಹೊತ್ತಿನಲ್ಲಿಯೇ ಒಂದು ಸಾಮ್ಯವೂ ಗೋಚರಿಸುತ್ತದೆ. ಸತ್ತ ಮಗನು ಮರಳಿ ದೊರೆತ ಕಥೆಯನ್ನು ಇಸಾಕನ ಕಥೆಯ ಪಕ್ಕದಲ್ಲಿಟ್ಟವರು ಕ್ರೈಸ್ತರು ಮಾತ್ರವಲ್ಲ. ಶೂನೇಮಿನ ಮಗುವನ್ನು ಆಯ್ದ ಯೆಹೂದ್ಯರೂ ಅದನ್ನೇ ಮಾಡಿರುವರು.

ಇದು ಆಕಸ್ಮಿಕವಲ್ಲ. ಕ್ರೈಸ್ತಸಭೆಯು ಯೆಹೂದ್ಯರ ಸಭಾಮಂದಿರದಲ್ಲಿ ಹುಟ್ಟಿದುದು. ನಜರೇತಿನ ಸಭಾಮಂದಿರದಲ್ಲಿ ಯೇಸುವು ಯೆಶಾಯನ ಸುರುಳಿಯನ್ನು ಓದಿದುದನ್ನು ಲೂಕನು ವರ್ಣಿಸಿರುವನು. ಅಪೊಸ್ತಲರ ಕೃತ್ಯಗಳೆಂಬ ಗ್ರಂಥವು ಪ್ರತಿ ಸಬ್ಬತ್ತಿನಲ್ಲಿ ಮೋಶೆಯ ಗ್ರಂಥವನ್ನು ಓದುತ್ತಿದ್ದುದನ್ನು ಹೇಳುತ್ತದೆ. ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಯೆಹೂದ್ಯರ ಗ್ರಂಥಗಳನ್ನೆಲ್ಲ ತಳ್ಳಿಹಾಕಬೇಕೆಂದು ವಾದಿಸಿದಾಗ ಸಭೆಯು ಅವನನ್ನೇ ಹೊರಗಿಟ್ಟಿತು. ಆದರೆ ಪಾಠಗಳ ಸಂಬಂಧವು ಮಾತ್ರ ಬದಲಾಯಿತು. ಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಯೆಹೂದ್ಯರಲ್ಲಿ ತೋರಾ ಅಂಗಿ, ಪ್ರವಾದಿಗಳ ಪಾಠವು ಅಂಗ. ಕ್ರೈಸ್ತರಲ್ಲಿ ಸುವಾರ್ತೆಯು ಅಂಗಿ, ತೋರಾದ ಪಾಠವು ಅಂಗ. ಯೆಹೂದ್ಯರು ಗ್ರಂಥವನ್ನು ಎಡೆಬಿಡದೆ ಸಾಲಾಗಿ ಓದುವರು; ಕ್ರೈಸ್ತರು ಸುವಾರ್ತೆಗೆ ಹೊಂದುವ ಭಾಗವನ್ನು ಬಹುಮಟ್ಟಿಗೆ ಆಯ್ದು ಓದುವರು. ೧೯೬೯ರಲ್ಲಿ ರೋಮನ್ ಕಥೋಲಿಕರು ಏರ್ಪಡಿಸಿದ ಮೂರು ವರ್ಷಗಳ ಭಾನುವಾರಪಾಠವು ಈ ಬಗೆಯದು. ಅದನ್ನನುಸರಿಸಿ ಪ್ರಾಟೆಸ್ಟಂಟರು ೧೯೯೨ರಲ್ಲಿ ಪ್ರಕಟಿಸಿದ ಪಾಠಕ್ರಮದಲ್ಲಿ, ವರ್ಷದ ಒಂದು ಭಾಗದಲ್ಲಿ ಹಳೆಯ ಒಡಂಬಡಿಕೆಯನ್ನು ಹೆಚ್ಚುಕಡಿಮೆ ಸಾಲಾಗಿ ಓದುವ ಮತ್ತೊಂದು ಮಾರ್ಗಕ್ಕೂ ಎಡೆಮಾಡಿದ್ದಾರೆ. ೧೯೪೭ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಭೆಯು ಭಾನುವಾರಕ್ಕೊಂದು ವಿಷಯವನ್ನು ಗೊತ್ತುಪಡಿಸಿ, ಅದಕ್ಕೆ ಒಪ್ಪುವ ಪಾಠಗಳನ್ನು ಕೂಡಿಸುವ ಪದ್ಧತಿಯನ್ನಿಟ್ಟುಕೊಂಡಿದೆ.

ಅಂಗವನ್ನು ಅಂಗವೆಂದು ತಿಳಿಯುವುದು ದೋಷವಲ್ಲ. ಅದಕ್ಕೆ ಸ್ವತಂತ್ರವಾದ ಅರ್ಥವೇ ಇಲ್ಲವೆನ್ನುವುದು ದೋಷ. ಯೆಹೂದ್ಯರಿಗೆ ತಮ್ಮ ಗ್ರಂಥವೇ ತಿಳಿಯದೆಂಬ ತಿರಸ್ಕಾರವು ಯೂರೋಪಿನಲ್ಲಿ ಶತಮಾನಗಳ ಕಾಲ ಬೋಧಿಸಲ್ಪಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಸುಮಾರು ೬೦ ಲಕ್ಷ ಯೆಹೂದ್ಯರು ಕೊಲ್ಲಲ್ಪಟ್ಟ ತರುವಾಯ ಕ್ರೈಸ್ತಸಭೆಗಳು ಈ ಬೋಧೆಯನ್ನು ಮರುವಿಮರ್ಶೆ ಮಾಡಿದುವು. ೧೯೬೫ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಯೆಹೂದ್ಯದ್ವೇಷವನ್ನು ಖಂಡಿಸಿತು. ೨೦೦೧ರಲ್ಲಿ ಪೋಪರ ಬೈಬಲ್ ಪಂಡಿತಮಂಡಲಿಯು ಯೆಹೂದ್ಯರ ಗ್ರಂಥಪಠನವೂ ಸಾಧುವಾದ ಒಂದು ಪಠನವೇ ಎಂದು ಒಪ್ಪಿಕೊಂಡಿತು. ಪಾಠಕ್ರಮದ ವಿಚಾರವು ಬರಿಯ ಪಂಡಿತರ ಚರ್ಚೆಯಲ್ಲವೆಂಬುದಕ್ಕೆ ಇಷ್ಟು ಸಾಕು.

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳಲ್ಲಿ ಯೆಹೂದ್ಯರ ಸಭಾಮಂದಿರವಿಲ್ಲ. ಆದರೂ ಆ ಜನರು ಈ ನಾಡಿಗೆ ತೀರ ಹೊರಗಿನವರಲ್ಲ. ಈ ಊರುಗಳು ೧೯೫೬ರವರೆಗೆ ಸೇರಿದ್ದ ಮುಂಬಯಿ ಪ್ರಾಂತದ ಕೊಂಕಣದಲ್ಲಿ ಬೆನೆ ಇಸ್ರಾಯೇಲರು ಎಣ್ಣೆ ತೆಗೆಯುವ ಕಸುಬಿನವರಾಗಿದ್ದರು. ಸಬ್ಬತ್ತಿನಂದು ಗಾಣ ಹೂಡದ ಕಾರಣ ಅವರಿಗೆ 'ಶನಿವಾರ ತೇಲಿ'ಗಳೆಂದು ಹೆಸರಾಯಿತು. ಮುಂಬಯಿಯಲ್ಲಿ ೧೭೯೬ರಲ್ಲಿ ಅವರ ಮೊದಲನೆಯ ಸಭಾಮಂದಿರವನ್ನು ಕಟ್ಟಿಸಿದ ಸಾಮ್ಯುಯೆಲ್ ಎಜೆಕಿಯೆಲ್ ದಿವೇಕರನು ಮೈಸೂರು ಯುದ್ಧದಲ್ಲಿ ಟಿಪ್ಪುಸುಲ್ತಾನನ ಸೆರೆಯಲ್ಲಿದ್ದು, ಬಿಡುಗಡೆಯಾದ ಕೃತಜ್ಞತೆಯಿಂದ ಅದನ್ನು ಕಟ್ಟಿಸಿದನೆಂಬುದು ಆ ಸಮುದಾಯದ ಐತಿಹ್ಯ.

ಗೋವಿಂದ ಪೈಗಳ 'ಗೊಲ್ಗೊಥಾ' ಮೊದಲಾದ ಕೃತಿಗಳನ್ನು ಪಾಠಹೇಳುವ ಅಧ್ಯಾಪಕರಿಗೆ ಬೈಬಲಿನ ಪೂರ್ವಕಥೆಗಳನ್ನು ವಿವರಿಸುವ ಸಂದರ್ಭಗಳು ಬರುತ್ತವೆ. ಆಗ ಆದಿಕಾಂಡದ ಅಧ್ಯಾಯವನ್ನು ತೆರೆಯುವುದರ ಜೊತೆಗೆ, ಆ ಕಥೆಯು ಯಾವ ವಾರಪಾಠದಲ್ಲಿ ಬರುವುದು, ಅದು ಎಲ್ಲಿ ತೊಡಗಿ ಎಲ್ಲಿ ನಿಲ್ಲುವುದು, ಅದರ ಹಫ್ತಾರಾ ಯಾವುದು, ಕ್ರೈಸ್ತರು ಅದನ್ನು ಯಾವ ದಿನದಂದು ಯಾವ ಸುವಾರ್ತೆಯೊಡನೆ ಓದುವರು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ, 'ಹಳೆಯ' ಎಂಬ ವಿಶೇಷಣಕ್ಕೆ 'ತೀರಿಹೋದ' ಎಂಬ ಅರ್ಥವಿಲ್ಲವೆಂಬುದು ವಿದ್ಯಾರ್ಥಿಗೆ ತಾನಾಗಿಯೇ ತಿಳಿಯುವುದು. ಪುರಾಣವೆಂಬ ಪದವನ್ನು ಬಲ್ಲ ನಾಡಿನಲ್ಲಿ ಅದನ್ನು ತಿಳಿಸುವುದು ಕಷ್ಟವಾಗಲಾರದು.