ಅಂಜುಗುಳಿಗೆ ಕರಜಗಿಯಲ್ಲಿ ಜಾಗ

ಕರಜಗಿ ಎಂಬ ಊರು ಒಂದೇ ಅಲ್ಲ. ಹಾವೇರಿ ಹತ್ತಿರ ಒಂದಿದೆ, ಅಫಜಲಪುರ ತಾಲ್ಲೂಕಿನಲ್ಲಿ ಇನ್ನೊಂದು. ನಾನು ಬಂದಿಳಿದದ್ದು ಗಡಿಯಾಚೆಯ ಕರಜಗಿಗೆ: ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟ ತಾಲ್ಲೂಕು. ಬಸ್ಸಿನ ಫಲಕ ಮರಾಠಿಯಲ್ಲಿ, ಬಸ್ಸಿನೊಳಗಿನ ಜಗಳ ಕನ್ನಡದಲ್ಲಿ. 1967ರ ಮಹಾಜನ ಗಡಿ ಆಯೋಗದ ವರದಿ ಅಕ್ಕಲಕೋಟ ತಾಲ್ಲೂಕು ಕರ್ನಾಟಕಕ್ಕೆ ಸೇರಲಿ ಎಂದಿತ್ತು, ಸೇರಲಿಲ್ಲ. ಆ ಕಥೆಯನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನನ್ನ ಕೆಲಸ ಇದ್ದದ್ದು ಒಂದು ನಾಯಿಯದು.

ಹೆಣ್ಣು ನಾಯಿ. ಉದ್ದ ಮೂತಿ, ಸಪೂರ ಕಾಲು, ಬೆನ್ನಿಗೆ ಹತ್ತಿದ ಹೊಟ್ಟೆ. ನೋಡಿದೊಡನೆ ಕಾರವಾನಿ ಬೆರಕೆ ಎಂದು ಗೊತ್ತಾಗುತ್ತದೆ. ಅಕ್ಕಲಕೋಟದ ರಸ್ತೆ ಬದಿಯಲ್ಲಿ, ಕೊರಳಲ್ಲಿ ತುಂಡು ಹಗ್ಗ ಇದ್ದಂತೆಯೇ ಸಿಕ್ಕಿತ್ತು. ಈಗ ಸೊಲ್ಲಾಪುರದಲ್ಲಿ ಗೆಳೆಯರೊಬ್ಬರ ಫ್ಲ್ಯಾಟಿನಲ್ಲಿದೆ. ಹಗಲೆಲ್ಲ ಮಂಚದ ಕೆಳಗೆ. ಮನೆಯವರು ಮಲಗಿ ದೀಪ ಆರಿದ ಮೇಲೆ ಹೊರಬಂದು ತಟ್ಟೆ ಖಾಲಿ ಮಾಡುತ್ತದೆ. ಕುಕ್ಕರಿನ ಸೀಟಿಗೆ ನಡುಗುತ್ತದೆ, ಲಿಫ್ಟಿನ ಬಾಗಿಲಿಗೆ ನಡುಗುತ್ತದೆ. ಕೇಳಿದವರೆಲ್ಲ ಒಂದೇ ಮಾತು ಹೇಳಿದರು: "ಹಳ್ಳಿಗಿ ಕೊಡ್ರಿ, ಹೊಂದ್ಕೋತದ."

ಹೊಂದಿಕೊಳ್ಳುತ್ತದೆಯೇ ಎಂದು ನೋಡಲು ಬಂದೆ. ನಾಯಿಯನ್ನು ತಂದಿರಲಿಲ್ಲ. ಬೀಗರ ಮನೆ ನೋಡಲು ಹೋಗುವಾಗ ಮಗಳನ್ನು ಕಟ್ಟಿಕೊಂಡು ಹೋಗುವುದಿಲ್ಲವಲ್ಲ.

ಬಸ್ಸು ನಿಲ್ಲುವ ಜಾಗದಲ್ಲೇ ಊರಿನ ಮೊದಲ ನಾಯಿಗಳು ಸಿಗುತ್ತವೆ. ಚಹಾದಂಗಡಿಯ ಮುಂದೆ ಮೂರು, ಪಂಕ್ಚರ್ ಅಂಗಡಿಯ ಟೈರಿನೊಳಗೆ ಒಂದು. ಇವು ಮನುಷ್ಯರನ್ನು ಓದಬಲ್ಲ ನಾಯಿಗಳು. ಬಿಸ್ಕತ್ತು ಪುಡಿಕೆ ಬಿಚ್ಚುವ ಕೈ ಯಾವುದು, ಕಲ್ಲು ಎತ್ತುವ ಕೈ ಯಾವುದು ಎಂಬುದು ಇವಕ್ಕೆ ದೂರದಿಂದಲೇ ತಿಳಿಯುತ್ತದೆ. ಈ ಸೀಮೆಯಲ್ಲಿ ಬಿಸ್ಕತ್ತು ಹಾಕುವವರಿಗೆ ಕೊರತೆಯಿಲ್ಲ. ಅತ್ತ ಅಕ್ಕಲಕೋಟದಲ್ಲಿ 1878ರಲ್ಲಿ ಸಮಾಧಿಯಾದ ಸ್ವಾಮಿ ಸಮರ್ಥರು, ಇತ್ತ ಭೀಮೆಯ ದಂಡೆಯ ಗಾಣಗಾಪುರದಲ್ಲಿ ನರಸಿಂಹ ಸರಸ್ವತಿಯವರ ಪಾದುಕೆ. ಎರಡೂ ದತ್ತಸಂಪ್ರದಾಯದ ನೆಲೆ. ದತ್ತನ ಪಟದಲ್ಲಿ ಕಾಲಬಳಿ ನಾಲ್ಕು ನಾಯಿಗಳು ಇರಲೇಬೇಕು, ಅವು ನಾಲ್ಕು ವೇದಗಳೆನ್ನುತ್ತಾರೆ. ಮೈಲಾರಲಿಂಗನ ಒಕ್ಕಲಿನಲ್ಲಂತೂ ಗೊರವಯ್ಯಗಳು ತಾವೇ ದೇವರ ನಾಯಿಗಳಾಗಿ ಬೊಗಳಿ, ದೋಣಿ ಎಂಬ ಬಟ್ಟಲಲ್ಲಿ ಉಣ್ಣುತ್ತಾರೆ. ಇಷ್ಟೆಲ್ಲ ಇದ್ದೂ ಮನೆಯ ಹೊಸ್ತಿಲು ತುಳಿದ ನಾಯಿಗೆ "ಹಚಾ" ಎನ್ನುವುದು ತಪ್ಪಿಲ್ಲ. ಗುಡಿಯ ನಾಯಿಗೆ ಸಿಗುವ ಮರ್ಯಾದೆ ಓಣಿಯ ನಾಯಿಗೆ ಸಿಗಬೇಕೆಂದು ಯಾವ ಶಾಸ್ತ್ರವೂ ಹೇಳಿದಂತಿಲ್ಲ.

ನಮ್ಮ ನಾಯಿಗೆ ಈ ಜಾಗ ಆಗದು. ಕಬ್ಬಿನ ಹಂಗಾಮು ನಡೆದಿತ್ತು. ಸೊಲ್ಲಾಪುರ ಜಿಲ್ಲೆಯ ತುಂಬ ಸಕ್ಕರೆ ಕಾರ್ಖಾನೆಗಳು; ಟ್ರಾಲಿಗೆ ಟ್ರಾಲಿ ಜೋಡಿಸಿದ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡೇ ಸಾಗುತ್ತವೆ. ಮನುಷ್ಯನ ಕಿವಿಗೆ ಕೇಳುವುದು ಸುಮಾರು 20 ಸಾವಿರ ಹರ್ಟ್ಸ್‌ವರೆಗಿನ ಸದ್ದು, ನಾಯಿಗೆ 45 ಸಾವಿರದವರೆಗೂ ಕೇಳುತ್ತದೆ. ನಮಗೆ ಕೇಳುವ ಗದ್ದಲದ ಮೇಲೆ ಅದಕ್ಕೆ ಇನ್ನೊಂದು ಗದ್ದಲವಿದೆ.

ಊರೊಳಗೆ ಹೊಕ್ಕೆ. ಮಣ್ಣಿನ ಮಾಳಿಗೆಯ ಹಳೆಯ ಮನೆಗಳ ನಡುನಡುವೆ ಸಿಮೆಂಟಿನ ಹೊಸವು. ಸಂದಿಯಂಥ ಓಣಿಗಳು, ತಿರುವಿಗೊಂದು ಕಟ್ಟೆ. ನಡೆಯುತ್ತ ಊರನ್ನು ಮೊಳಕಾಲಿನ ಎತ್ತರದಿಂದ ನೋಡತೊಡಗಿದೆ: ಅಡಗಲು ಜಾಗ ಎಲ್ಲಿದೆ, ಓಡಲು ದಾರಿ ಎಷ್ಟಿದೆ, ಎದುರು ಬಂದವರಿಗೆ ಮೈ ತಾಕದೆ ಸರಿಯಲು ಸಾಧ್ಯವೇ? ಈ ಓಣಿಗಳಲ್ಲಿ ಸಾಧ್ಯವಿಲ್ಲ. ಪ್ರತಿ ಓಣಿಗೂ ಅದರದೇ ನಾಯಿಗಳಿವೆ. ಒಂದು ಓಣಿ ದಾಟಿ ಇನ್ನೊಂದಕ್ಕೆ ಕಾಲಿಟ್ಟಾಗ ಹಿಂದಿನ ತಂಡ ನಿಂತುಬಿಟ್ಟಿತು, ಮುಂದಿನ ತಂಡ ಎದ್ದಿತು. ಗಡಿ ಎಲ್ಲಿದೆ ಎಂಬ ಬಗ್ಗೆ ಅವುಗಳಿಗೆ ಯಾವ ಆಯೋಗವೂ ಬೇಕಾಗಿಲ್ಲ.

ಪಟ್ಟಣದವರು "ಹಳ್ಳಿಗೆ ಬಿಟ್ಟುಬಂದೆವು" ಎನ್ನುವ ಮಾತು ನನಗೆ ಸಿಟ್ಟು ತರಿಸುವುದು ಇದಕ್ಕೇ. ಬಿಟ್ಟುಬಂದ ನಾಯಿ ಬೀಳುವುದು ಇಂಥ ಎರಡು ತಂಡಗಳ ನಡುವೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ, ಹಸಿವು ನೀರಡಿಕೆಯಿಂದ ನರಳುವ ಸ್ಥಿತಿಗೆ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು ಅಪರಾಧ. 2023ರ ನಿಯಮಗಳಂತೆ ಸಂತಾನಹರಣ ಮಾಡಿದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ತಿರುಗಿ ಬಿಡಬೇಕು, ಆ ಹೊಣೆ ಪಂಚಾಯಿತಿಗಳ ಮೇಲೂ ಇದೆ. 2025ರ ಆಗಸ್ಟ್ 22ರಂದು ದೆಹಲಿಯ ಬೀದಿನಾಯಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬೀದಿನಾಯಿಯನ್ನು ದತ್ತು ಪಡೆದವರು ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳಬೇಕೆಂದಿತು. ಅಂದರೆ ಬಿಡುವುದಕ್ಕೂ ಕೊಡುವುದಕ್ಕೂ ನಡುವೆ ಒಬ್ಬ ಹೊಣೆಗಾರ ಇರಲೇಬೇಕು. ನಾನು ಹುಡುಕುತ್ತಿದ್ದದ್ದು ಆ ಒಬ್ಬರನ್ನು.

ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ಯಾರ ಮನೆಗೆ ಬಂದದ್ದೆಂಬ ವಿಚಾರಣೆಯಾಯಿತು.

"ನಾಯಿಗಿ ಒಂದು ಮನಿ ಹುಡುಕ್ಲಾಕ ಬಂದೀನ್ರಿ ಅಜ್ಜಾರ."

"ನಾಯಿಗಿ ಮನಿ ಯಾಕ ಬೇಕ್ರಿ? ಊರೇ ಅದರ ಮನಿ."

"ಭಾಳ ಅಂಜ್ತದ್ರಿ ಅದು."

"ಅಂಜೂ ನಾಯಿ ತಗೊಂಡು ಏನ್ ಮಾಡಾದು? ಕಳ್ಳ ಬಂದ್ರ ಅದನ್ನ ನಾವೇ ಕಾಯಬೇಕು."

ಕಟ್ಟೆ ನಕ್ಕಿತು. ಮಾತು ಮುಂದುವರಿದಂತೆ ಅಜ್ಜನಿಗೆ ಆಸಕ್ತಿ ಬಂತು. ಮೂತಿ ಉದ್ದ ಎಂದೆನಲ್ಲ, ಅದಕ್ಕೆ. ಕಾರವಾನಿ ನಾಯಿ ಎಂದರೆ ಇಲ್ಲಿಯ ಹಿರಿಯರ ಕಣ್ಣು ಅರಳುತ್ತದೆ. ಗಡಿಯ ಆಚೆ ಅದೇ ತಳಿಗೆ ಮುಧೋಳದ ಹೆಸರು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಸಾಕಿ ಬೆಳೆಸಿ, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೂ ಮರಿಗಳನ್ನು ಉಡುಗೊರೆ ಕೊಟ್ಟ ತಳಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ, ಅಲ್ಲಿಂದ ಮರಿಗಳು ಸೇನೆಗೂ ಹೋದವು. ಹೆಸರು ದೊಡ್ಡದಾದ ಮೇಲೆ ಶೋಕಿಗೆ ಕೊಳ್ಳುವವರೂ ಹೆಚ್ಚಿದರು. ಇದು ಓಟಕ್ಕೆ ಹುಟ್ಟಿದ ನಾಯಿ, ಪರಿಚಯವಿಲ್ಲದವರ ಕೈ ಮೈಮೇಲೆ ಬೀಳುವುದನ್ನು ಸಹಿಸದು ಎಂಬುದನ್ನು ಕೊಳ್ಳುವಾಗ ಯಾರೂ ಕೇಳುವುದಿಲ್ಲ. ಮುದ್ದಿಗೆ ಬಾರದ ನಾಯಿಯನ್ನು ಒಂದು ದಿನ ಕಾರಿನಲ್ಲಿ ಕೂರಿಸಿ ಹೆದ್ದಾರಿಗೆ ಒಯ್ಯುತ್ತಾರೆ.

ನಮ್ಮದರ ಅಂಜಿಕೆಗೆ ತಳಿಯೊಂದೇ ಕಾರಣವಲ್ಲ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ನಾಯಿಮರಿಗಳನ್ನು ಬೆಳೆಸಿ ನೋಡಿ 1965ರಲ್ಲಿ ಪುಸ್ತಕ ಪ್ರಕಟಿಸಿದರು. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಕುನ್ನಿಯ ಮನಸ್ಸು ತೆರೆದಿರುತ್ತದೆ. ಆಗ ಕಂಡ ಮನುಷ್ಯ, ಮಗು, ಸದ್ದು ಎಲ್ಲವೂ ಅದಕ್ಕೆ ತನ್ನದಾಗುತ್ತದೆ. ಆ ವಾರಗಳನ್ನು ಕತ್ತಲ ಕೋಣೆಯಲ್ಲಿ ಕಳೆದ ಮರಿಗೆ ಮುಂದೆ ಕೊಡೆ ಬಿಚ್ಚಿದರೂ ಪ್ರಳಯ. ಹೊಡೆತ ತಿಂದ ನಾಯಿಯೇ ಅಂಜುತ್ತದೆಂದು ನಾವು ಕಥೆ ಕಟ್ಟುತ್ತೇವೆ. ಎಷ್ಟೋ ಸಲ ಹೊಡೆತವೂ ಇರುವುದಿಲ್ಲ, ಬರೀ ಯಾರೂ ಇಲ್ಲದಿರುವುದು ಸಾಕಾಗುತ್ತದೆ.

"ಕುರುಬರ ಹಟ್ಟಿಗಿ ಕೊಡ್ರಿ" ಎಂದರು ಅಜ್ಜ. ಊರ ಹೊರಗೆ ಸುಗ್ಗಿಯಾದ ಹೊಲದಲ್ಲಿ ಕುರಿ ತರುಬಿದ್ದರು, ಹೋಗಿ ನೋಡಿದೆ. ಎರೆಮಣ್ಣಿನ ಮೇಲೆ ದಖ್ಖನಿ ಕುರಿಗಳು, ಬಲೆಯ ಬೇಲಿ, ಕಂಬಳಿ ಹೊದ್ದ ಇಬ್ಬರು, ನಾಲ್ಕು ನಾಯಿ. ದೂರದಲ್ಲೇ ನಿಲ್ಲಿಸಿದವು ನನ್ನನ್ನು. ಬೊಗಳಾಟ ನಿಂತ ಮೇಲೆ ಮಾತಾಡಿದೆವು. ತೋಳ ಬರುತ್ತದೆಯೇ ಎಂದರೆ, ಬರದೆ ಏನು ಎಂದರು. ಸೊಲ್ಲಾಪುರದ ಹುಲ್ಲುಗಾವಲು ತೋಳಗಳ ಸೀಮೆ. ಎರ್ಲಡ್ಡು ಹಕ್ಕಿಗೆಂದು 1979ರಲ್ಲಿ ಮಾಡಿದ ನಾನ್ನಜ್ ಅಭಯಾರಣ್ಯದಲ್ಲಿ ಈಗ ಹಕ್ಕಿಗಿಂತ ತೋಳ ನೋಡಲು ಬರುವವರೇ ಹೆಚ್ಚೆಂದು ನನ್ನ ಅನಿಸಿಕೆ. ಹಟ್ಟಿಯ ನಾಯಿ ಹುಟ್ಟಿದ್ದೇ ಕುರಿಗಳ ನಡುವೆ. ದಿನಕ್ಕೊಂದು ಹೊಲ, ರಾತ್ರಿಗೊಂದು ಸದ್ದು, ಅದಕ್ಕೆ ಬದುಕೇ ಹಾಗೆ. ಅಂಜುಗುಳಿಗೆ ಬೇಕಾದದ್ದು ಇದರ ತೀರ ವಿರುದ್ಧ: ಅದೇ ಜಾಗ, ಅದೇ ಹೊತ್ತು, ಅದೇ ಕೈ. ಕುರುಬರೂ ಬೇಡವೆಂದರು. "ಓಡಿ ಹೋಯ್ತಂದ್ರ ಎಲ್ಲಿ ಹುಡುಕಾಣ್ರಿ?"

ಕನ್ನಡದಲ್ಲಿ ನಾಯಿಯೊಂದು ಮನೆ ಬದಲಿಸಿದ ಹಳೆಯ ಸಂಗತಿ ಕಲ್ಲಿನ ಮೇಲಿದೆ. ಮಂಡ್ಯ ಸೀಮೆಯ ಆತಕೂರಿನ ಶಾಸನ, ಕ್ರಿ.ಶ. 949-50ರ ಕಾಲದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಯುದ್ಧದಲ್ಲಿ ಮಣಲೇರ ಎಂಬ ಯೋಧ ಪರಾಕ್ರಮ ತೋರಿದ. ಒಡೆಯ ಮೆಚ್ಚಿ ಏನು ಬೇಕೆಂದಾಗ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, 'ಕಾಳಿ' ಎಂಬ ನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಡನೆ ಕಾದಿ ಎರಡೂ ಸತ್ತವು, ಅದಕ್ಕೇ ಕಲ್ಲು ನಿಂತಿತು. ಹಂದಿಯನ್ನು ತಡವಿದ ನಾಯಿಗೆ ಕಲ್ಲು, ಮಂಚದ ಕೆಳಗೆ ನಡುಗುವುದಕ್ಕೆ ಏನೂ ಇಲ್ಲ. ಆದರೆ ಮಣಲೇರ ಅದನ್ನು ಬಾಯಿಬಿಟ್ಟು ಕೇಳಿ ಪಡೆದನಲ್ಲ, ನನಗೆ ಬೇಕಾಗಿದ್ದವರು ಅಂಥವರು. ತಲೆಗೆ ಕಟ್ಟಿದರೆ ಇಟ್ಟುಕೊಳ್ಳುವವರು ಸಾಕಷ್ಟು ಸಿಗುತ್ತಾರೆ.

ಮನೆ ಸಿಕ್ಕಿದ್ದು ಊರಿಗೆ ತುಸು ದೂರದ ಒಂದು ವಸ್ತಿಯಲ್ಲಿ. ಹೊಲದಲ್ಲೇ ಕಟ್ಟಿಕೊಂಡ ಮನೆ, ಸುತ್ತ ಬಿಳಿಜೋಳ, ಬದುವಿಗೆ ತೊಗರಿ, ಎರಡು ಎಮ್ಮೆಯ ಕೊಟ್ಟಿಗೆ. ಗಂಡ ಹೆಂಡತಿ ಇಬ್ಬರೇ, ಮಕ್ಕಳು ಪುಣೆಯಲ್ಲಿ. ಹಿಂದಿದ್ದ ನಾಯಿ ಮುಪ್ಪಾಗಿ ಸತ್ತಿತ್ತು. ಕಟ್ಟೆಯ ನಗೆಯ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಯಜಮಾನಿ ಅಕ್ಕ ಬಾಗಿಲಲ್ಲೇ ಹೇಳಿದರು: "ಅಂಜೂ ನಾಯಿನೇ ಮೊದಲ ಬೊಗಳ್ತದ್ರಿ. ಧೈರ್ಯದ್ದು ಮಲ್ಕೊಂಡಿರ್ತದ."

ನಾನು ಕೇಳಬೇಕಾದದ್ದು ಬಹಳವಿತ್ತು. ಹಗಲು ಮನೆಯಲ್ಲಿ ಯಾರಿರುತ್ತೀರಿ, ಕಬ್ಬು ಕಡಿಯಲು ಬೇರೆ ಸೀಮೆಗೆ ಹೋಗುತ್ತೀರಾ, ರಜೆಗೆ ಬರುವ ಮೊಮ್ಮಕ್ಕಳು ಎಷ್ಟು ಸಣ್ಣವರು. ಮಕ್ಕಳ ಪ್ರಶ್ನೆ ಮುಖ್ಯ, ಏಕೆಂದರೆ ಅಂಜಿದ ನಾಯಿ ಮೂಲೆಗೆ ಸಿಕ್ಕಾಗ ಕಚ್ಚುತ್ತದೆ. ರೇಬೀಸ್ ಚುಚ್ಚುಮದ್ದು ಆಗಿದೆ, ವರ್ಷವರ್ಷ ದನದ ದವಾಖಾನೆಯಲ್ಲಿ ಹಾಕಿಸಬೇಕು. ಆದರೂ ಯಾರಿಗಾದರೂ ಹಲ್ಲು ತಾಗಿದರೆ ಹದಿನೈದು ನಿಮಿಷ ಸಾಬೂನು ಹಚ್ಚಿ ತೊಳೆದು ಅಂದೇ ಸರ್ಕಾರಿ ದವಾಖಾನೆಗೆ ಹೋಗಬೇಕು, ಅರಿಶಿನ ಸುಣ್ಣ ಮೆತ್ತುತ್ತ ಕೂರಬಾರದು. ಊಟಕ್ಕೆ ರೊಟ್ಟಿ, ಮಜ್ಜಿಗೆ, ತತ್ತಿ ನಡೆಯುತ್ತದೆ. ಉಳ್ಳಾಗಡ್ಡಿ ಹಾಕಿದ ಝುಣಕ, ಬಳ್ಳೊಳ್ಳಿ ಕುಟ್ಟಿದ ಶೇಂಗಾ ಚಟ್ನಿ ಬೇಡ, ಅವು ನಾಯಿಯ ರಕ್ತಕ್ಕೆ ವಿಷ.

"ಶೇಂಗಾ ಚಟ್ನಿ ನಮಗೇ ಸಾಲಂಗಿಲ್ಲ, ತಗೋರಿ" ಎಂದರು ಅಕ್ಕ.

ಮೊದಲ ದಿನಗಳ ವಿಷಯದಲ್ಲಿ ಅವರಿಗೆ ನಾನು ಹೇಳಿಕೊಡಬೇಕಾದದ್ದು ಕಡಿಮೆ. ಹೊಸ ಎಮ್ಮೆ ಬಂದಾಗ ಏನು ಮಾಡುತ್ತಾರೋ ಅದನ್ನೇ ಹೇಳಿದರು: ಹತ್ತಿರ ಹೋಗುವುದಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ, ಮೇವು ಹಾಕಿ ಮಗ್ಗುಲಾಗಿ ನಿಂತು ತಮ್ಮ ಕೆಲಸ ಮಾಡುತ್ತಿರುತ್ತಾರೆ. ಅದಾಗಿ ಬಂದು ಮೂಸಿದ ಮೇಲೆ ಮಾತು. ಕೊಟ್ಟಿಗೆಯ ಮೂಲೆಯಲ್ಲಿ ಹಗೇವಿನ ಕಲ್ಲಿನ ಮಗ್ಗುಲಿಗೆ ಒಂದು ಗೂಡಿನಂಥ ಜಾಗವಿತ್ತು: ಹಿಂದೆ ಗೋಡೆ, ಮುಂದೆ ಅಂಗಳವೆಲ್ಲ ಕಾಣುತ್ತದೆ, ಎರಡು ಕಡೆ ದಾರಿ. ಆ ಮೂಲೆ ನೋಡಿಯೇ ನಾನು ಅರ್ಧ ಒಪ್ಪಿದ್ದೆ. ಮಂಚದ ಕೆಳಗೆ ದಾರಿ ಒಂದೇ, ಅದೂ ಮನುಷ್ಯರ ಕಡೆಗೆ.

ಯಜಮಾನರು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಸಂತಾನಹರಣ ಆದ ನಾಯಿ ಮೈಗಳ್ಳ ಆಗುತ್ತದೆ ಎಂಬುದು ಅವರ ವಾದ. ಮರಿಗಳಾದರೆ ಕಾರವಾನಿ ಮರಿಗೆ ಒಳ್ಳೆ ಬೆಲೆ ಎಂಬುದು ವಾದದೊಳಗಿನ ಮಾತು. ಶಸ್ತ್ರಚಿಕಿತ್ಸೆ ಆಗಿಹೋಗಿದೆ ಎಂದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ನಾನು ಮನಸ್ಸಿನಲ್ಲೇ ಆ ಡಾಕ್ಟರಿಗೆ ಕೈಮುಗಿದೆ.

ಕರಾರು ಹೀಗಾಯಿತು. ಜನವರಿಯಲ್ಲಿ ಸಂಕ್ರಮಣದ ಹೊತ್ತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರರ ಗಡ್ಡ ಜಾತ್ರೆ, ಅಲ್ಲಿಯ ಮದ್ದಿನ ಸದ್ದು ಫ್ಲ್ಯಾಟಿಗೂ ಕೇಳುತ್ತದೆ. ಆದ್ದರಿಂದ ಅದಕ್ಕೂ ಮೊದಲೇ ನಾಯಿಯನ್ನು ಇಲ್ಲಿಗೆ ತರುವುದು. ಗೆಳೆಯರು ಹೊದ್ದ ಹಳೇ ಚಾದರವೊಂದು ವಾಸನೆಗಾಗಿ ಜೊತೆಗೆ ಬರುವುದು. ಮೊದಲ ವಾರಗಳಲ್ಲಿ ಹೊಲಕ್ಕೆ ಬಿಡದೆ ಅಂಗಳದಲ್ಲೇ ಇಡುವುದು. ಹೊಂದದಿದ್ದರೆ ಯಾರಿಗೂ ದಾಟಿಸದೆ ನಮಗೇ ತಿರುಗಿ ಕೊಡುವುದು. ಹೆಸರು ಅವರೇ ಇಡಲಿ ಎಂದೆ, ಫ್ಲ್ಯಾಟಿನಲ್ಲಿ ಇಟ್ಟ ಇಂಗ್ಲಿಷ್ ಹೆಸರಿಗೆ ಅದು ಹೇಗೂ ತಿರುಗಿ ನೋಡಿದ್ದಿಲ್ಲ.

ಹೊರಡುವಾಗ ನೋಡಿದರೆ ಗೇಟಿನ ಕೆಳಗೆ ಒಂದು ಗೇಣು ಸಂದಿ. ಸಪೂರ ನಾಯಿ, ನುಸುಳಲು ಅಷ್ಟು ಸಾಕು. ತಗಡು ಬಡಿಸಬೇಕು, ಖರ್ಚು ನಮ್ಮದು ಎಂದೆ.

"ತಗಡು ನಿಮ್ದು, ಮೊಳೆ ನಮ್ದು" ಎಂದು ಯಜಮಾನರು ಒಳಗೆ ಸುತ್ತಿಗೆ ಹುಡುಕಲು ಹೋದರು.