ಬ್ರೌಸರು ಏಕೆ ಸ್ತಬ್ಧವಾಗುತ್ತದೆ?

ಯಂತ್ರವು ಕೆಟ್ಟರೆ ಅದರ ಸದ್ದು ನಿಲ್ಲಬೇಕು, ದೀಪವು ಆರಬೇಕು, ಇಲ್ಲವೆ ಸ್ವಲ್ಪ ಹೊಗೆಯಾದರೂ ಏಳಬೇಕು ಎಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಮನೆಯ ಕಂಪ್ಯೂಟರಿಗೆ ಬರುವ ಒಂದು ವ್ಯಾಧಿಯಲ್ಲಿ ಈ ಚಿಹ್ನೆಗಳು ಯಾವುವೂ ಕಾಣುವುದಿಲ್ಲ. ವಿದ್ಯುತ್ತು ಹರಿಯುತ್ತಿರುತ್ತದೆ, ಫ್ಯಾನು ತಿರುಗುತ್ತಿರುತ್ತದೆ, ಪುಟವೂ ಪರದೆಯ ಮೇಲೆ ಇದ್ದಂತೆಯೇ ಇರುತ್ತದೆ. ಆದರೆ ಗುಂಡಿಯನ್ನು ಒತ್ತಿದರೆ ಉತ್ತರವಿಲ್ಲ, ಪುಟವನ್ನು ಸರಿಸಿದರೆ ಅದು ಸರಿಯುವುದಿಲ್ಲ. ಇದನ್ನೇ ಜನರು ‘ಬ್ರೌಸರು ಹ್ಯಾಂಗ್ ಆಯಿತು’ ಎನ್ನುತ್ತಾರೆ.

ತುಮಕೂರಿನ ಶಿರಾ ಗೇಟಿನ ಬಳಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಪಿ.ಯು.ಸಿ. ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಪ್ರವೇಶ ಪರೀಕ್ಷೆಯ ಅರ್ಜಿಯನ್ನು ತುಂಬುತ್ತಿದ್ದಾಳೆ. ಕಂಪ್ಯೂಟರು ಅಣ್ಣನು ಬಳಸಿ ಬಿಟ್ಟದ್ದು. ಅದರ ಸ್ಮೃತಿ, ಎಂದರೆ ರ್‍ಯಾಮ್, 4 ಗಿಗಾಬೈಟ್. ಅರ್ಜಿಗೆ ಅದೇ ಕಡೆಯ ದಿನ. ಮುಕ್ಕಾಲು ಪಾಲು ತುಂಬಿದ ಮೇಲೆ ಪರದೆಯು ಕಲ್ಲಿನಂತೆ ನಿಂತಿತು. ವೈರಸ್ ಬಂದಿದೆ ಎಂದು ಒಬ್ಬರು ಹೇಳುತ್ತಾರೆ; ಇಂಟರ್‌ನೆಟ್ ಸರಿಯಿಲ್ಲವೆಂದು ಇನ್ನೊಬ್ಬರು; ಹೊಸ ಕಂಪ್ಯೂಟರನ್ನೇ ಕೊಳ್ಳಬೇಕೆಂದು ಮತ್ತೊಬ್ಬರು. ಮೂವರೂ ರೋಗವನ್ನು ನೋಡದೆ ಔಷಧವನ್ನು ಹೇಳಿದ್ದಾರೆ. ಅರ್ಜಿಯ ಜೊತೆಗೆ ಮನೆಯವರ ಹಣವೂ ಇಲ್ಲಿ ಅಪಾಯದಲ್ಲಿದೆ. ಆದುದರಿಂದ ಬ್ರೌಸರು ಯಾವ ಯಾವ ಕಾರಣದಿಂದ ಸ್ತಬ್ಧವಾಗುತ್ತದೆ, ಅವುಗಳನ್ನು ಒಂದರಿಂದೊಂದು ಬೇರ್ಪಡಿಸುವುದು ಹೇಗೆ ಎಂಬುದನ್ನು ನೋಡೋಣ.

ಮೊದಲು ಲಕ್ಷಣ

ನಿಜವಾಗಿಯೂ ನಿಂತಿರುವುದು ಯಾವುದು? ಪುಟವು ಬಾರದೆ ಬಿಳಿಯ ಪರದೆ ಮಾತ್ರ ಕಾಣುತ್ತಿದ್ದು, ಬ್ರೌಸರಿನ ಪಟ್ಟಿಗಳು ತೆರೆಯುತ್ತಿದ್ದರೆ ಬ್ರೌಸರಿಗೆ ಏನೂ ಆಗಿಲ್ಲ. ದೋಷವು ಸಂಪರ್ಕದಲ್ಲಿಯೋ ದೂರದ ಸರ್ವರಿನಲ್ಲಿಯೋ ಇದೆ. ಪಟ್ಟಿಗಳು ತೆರೆಯದಿದ್ದು, ಮೌಸಿನ ಬಾಣ ಚಲಿಸುತ್ತಿದ್ದರೆ ಬ್ರೌಸರು ಮಾತ್ರ ನಿಂತಿದೆ. ಬಾಣವೂ ಚಲಿಸದೆ, ಕೀಲಿಮಣೆಯ ಕ್ಯಾಪ್ಸ್ ಲಾಕ್ ಗುಂಡಿಯನ್ನು ಒತ್ತಿದಾಗ ಅದರ ದೀಪವೂ ಬದಲಾಗದಿದ್ದರೆ ಇಡೀ ಯಂತ್ರವೇ ನಿಂತಿದೆಯೆಂದು ತಿಳಿಯಬಹುದು. ಅರ್ಧ ನಿಮಿಷದ ಈ ಪರೀಕ್ಷೆಗೆ ಒಂದು ಕಾಸೂ ಖರ್ಚಿಲ್ಲ.

ಒಂದೇ ಗಿರಣಿ, ಉದ್ದದ ಸಾಲು

ರಾಗಿ ಬೀಸಿಸಲು ಹಿಟ್ಟಿನ ಗಿರಣಿಗೆ ಹೋದವರಿಗೆ ಸಾಲಿನ ಅನುಭವ ಉಂಟು. ಗಿರಣಿಯಲ್ಲಿ ಯಂತ್ರವು ಒಂದೇ ಇದ್ದು, ಮುಂದಿನವನು ಹತ್ತು ಮೂಟೆ ತಂದಿದ್ದರೆ, ಹಿಂದೆ ಎರಡು ಸೇರು ಹಿಡಿದು ನಿಂತವನೂ ಆ ಹತ್ತು ಮೂಟೆ ಮುಗಿಯುವವರೆಗೆ ಕಾಯಬೇಕು. ಬ್ರೌಸರಿನ ಪುಟದೊಳಗೆ ನಡೆಯುವುದೂ ಇದೇ. ಅಕ್ಷರಗಳನ್ನು ಪರದೆಯ ಮೇಲೆ ಬರೆಯುವುದು, ಮೌಸಿನ ಒತ್ತನ್ನು ಗಮನಿಸುವುದು, ಪುಟದ ಒಡತಿಯಾದ ಜಾವಾಸ್ಕ್ರಿಪ್ಟ್ ಭಾಷೆಯ ಆಜ್ಞೆಗಳನ್ನು ನಡೆಸುವುದು, ಇವು ಮೂರೂ ಮುಖ್ಯವಾಗಿ ಒಂದೇ ಸಾಲಿನಲ್ಲಿ ಒಂದರ ಹಿಂದೆ ಒಂದು ಸಾಗುತ್ತವೆ. ಈ ಭಾಷೆಯನ್ನು ಬ್ರೆಂಡನ್ ಐಕ್ ಎಂಬಾತನು 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿಗಾಗಿ ರಚಿಸಿದನು. ಪುಟಕ್ಕೆ ಸ್ವಲ್ಪ ಚುರುಕು ತರುವುದಕ್ಕಾಗಿ ಹುಟ್ಟಿದ ಈ ಭಾಷೆಯಿಂದ ಇಂದು ಪುಟಗಳು ಸಾವಿರಾರು ಸಾಲುಗಳ ಕೆಲಸವನ್ನು ಮಾಡಿಸುತ್ತವೆ.

ಪರದೆಯು ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಹೊಸದಾಗಿ ಮೂಡುತ್ತದೆ. ಎಂದರೆ ಎರಡು ಚಿತ್ರಗಳ ನಡುವೆ ಇರುವ ಅವಕಾಶ ಸುಮಾರು 16.7 ಮಿಲಿಸೆಕೆಂಡು. ಯಾವುದಾದರೂ ಒಂದು ಆಜ್ಞೆಯು ಅರ್ಧ ಸೆಕೆಂಡು ಹಿಡಿದರೆ 30 ಚಿತ್ರಗಳು ತಪ್ಪುತ್ತವೆ. ನಮಗೆ ಅದು ತಡವರಿಕೆಯಾಗಿ ಕಾಣುತ್ತದೆ. ವಿಂಡೋಸ್ ವ್ಯವಸ್ಥೆಯಲ್ಲಿ ಕಿಟಕಿಯೊಂದು ಸುಮಾರು 5 ಸೆಕೆಂಡು ಉತ್ತರ ಕೊಡದಿದ್ದರೆ ಅದಕ್ಕೆ ‘ಉತ್ತರಿಸುತ್ತಿಲ್ಲ’ ಎಂಬ ಹಣೆಪಟ್ಟಿ ಬೀಳುತ್ತದೆ.

ಇಲ್ಲಿ ಒಂದು ವಿಷಯವನ್ನು ಮರೆಯಬಾರದು. ಸ್ತಬ್ಧವಾಗಿರುವಾಗ ನಾವು ಒತ್ತಿದ ಒತ್ತುಗಳು ಕಳೆದುಹೋಗದೆ ಸಾಲಿನಲ್ಲಿ ಕಾಯುತ್ತಿರಬಹುದು. ದಾರಿ ತೆರೆದೊಡನೆ ಅವೆಲ್ಲವೂ ಒಟ್ಟಿಗೆ ನುಗ್ಗುತ್ತವೆ. ‘ಹಣ ಪಾವತಿಸಿ’ ಎಂಬ ಗುಂಡಿಯ ಮೇಲೆ ಬೇಸರದಿಂದ ಐದಾರು ಸಲ ಒತ್ತುವುದು ಎಷ್ಟು ಅಪಾಯಕರವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಒಮ್ಮೆ ಒತ್ತಿ ಕೈ ತೆಗೆಯಬೇಕು. ಮತ್ತೆ ಪಾವತಿ ಮಾಡುವ ಮುನ್ನ ಬ್ಯಾಂಕಿನ ಲೆಕ್ಕವನ್ನು ನೋಡಬೇಕು.

ನಿಲ್ಲದ ಸುತ್ತು

ಆಜ್ಞೆಗಳಲ್ಲಿ ತಪ್ಪಿದ್ದರೆ ಕಾರ್ಯಕ್ರಮವು ಗಾಣದ ಎತ್ತಿನಂತೆ ಒಂದೇ ಸುತ್ತನ್ನು ಕೊನೆಯಿಲ್ಲದೆ ಸುತ್ತಬಹುದು. ಆಗ ಬ್ರೌಸರು, ‘ಪುಟವು ಉತ್ತರಿಸುತ್ತಿಲ್ಲ, ಕಾಯುವಿರೋ, ಬಿಡುವಿರೋ?’ ಎಂದು ನಮ್ಮನ್ನು ಕೇಳುತ್ತದೆ. ಇಷ್ಟು ಬುದ್ಧಿಯುಳ್ಳ ಯಂತ್ರವು ತಾನೇ ನಿರ್ಧರಿಸಬಾರದೆ ಎಂದು ವಾಚಕರು ಕೇಳಬಹುದು. ನಿರ್ಧರಿಸಲಾರದು. ಇದಕ್ಕೆ ಕಾರಣ ಗಣಿತದಲ್ಲಿದೆ.

ಯಾವ ಕಾರ್ಯಕ್ರಮವನ್ನು ಕೊಟ್ಟರೂ, ಅದು ಎಂದಾದರೂ ನಿಲ್ಲುವುದೋ ಇಲ್ಲವೋ ಎಂದು ತಪ್ಪದೆ ಹೇಳುವ ಪರೀಕ್ಷಕನೊಬ್ಬನು ಇದ್ದಾನೆಂದು ಭಾವಿಸೋಣ. ಈಗ ಆ ಪರೀಕ್ಷಕನನ್ನೇ ಒಳಗಿಟ್ಟುಕೊಂಡು ಒಂದು ತುಂಟ ಕಾರ್ಯಕ್ರಮವನ್ನು ರಚಿಸೋಣ. ಅದು ತನ್ನ ಬಗೆಗೆ ತಾನೇ ಪರೀಕ್ಷಕನನ್ನು ಕೇಳುತ್ತದೆ. ‘ನೀನು ನಿಲ್ಲುವೆ’ ಎಂದು ಉತ್ತರ ಬಂದರೆ ಕೊನೆಯಿಲ್ಲದೆ ಸುತ್ತತೊಡಗುತ್ತದೆ. ‘ನಿಲ್ಲಲಾರೆ’ ಎಂದರೆ ಕೂಡಲೆ ನಿಲ್ಲುತ್ತದೆ. ಪರೀಕ್ಷಕನು ಏನು ಹೇಳಿದರೂ ಅದು ಸುಳ್ಳಾಗುತ್ತದೆ. ಆದುದರಿಂದ ಅಂತಹ ಪರೀಕ್ಷಕನು ಇರಲಾರನು. ಆಲನ್ ಟ್ಯೂರಿಂಗನು 1936ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬೆಳೆದುಬಂದ ನಿರ್ಣಯವಿದು. ವಿದ್ಯುತ್ ಕಂಪ್ಯೂಟರುಗಳು ಹುಟ್ಟುವ ಮೊದಲೇ ಅವುಗಳ ಶಕ್ತಿಯ ಮೇರೆಯನ್ನು ಆತನು ಗುರುತಿಸಿದ್ದನು. ಬ್ರೌಸರು ನಮ್ಮ ಮುಂದಿಡುವ ಆ ಚಿಕ್ಕ ಪ್ರಶ್ನೆಯ ಹಿಂದೆ ಇಷ್ಟು ದೊಡ್ಡ ತತ್ತ್ವವಿದೆ. ಅದು ಗಡಿಯಾರವನ್ನು ಮಾತ್ರ ನೋಡಬಲ್ಲುದು. ಕಾಯಬೇಕೋ ಬೇಡವೋ ಎಂಬುದನ್ನು ನಾವೇ ಹೇಳಬೇಕು.

ಮೇಜು ಮತ್ತು ಉಗ್ರಾಣ

ಒಂದು ಪುಟದ ತಪ್ಪಿನಿಂದ ಎಲ್ಲ ಪುಟಗಳೂ ನಿಲ್ಲುವುದನ್ನು ತಪ್ಪಿಸಲು, 2008ರ ಸೆಪ್ಟೆಂಬರಿನಲ್ಲಿ ಹೊರಬಂದ ಕ್ರೋಮ್ ಬ್ರೌಸರು ಟ್ಯಾಬುಗಳನ್ನು ಬೇರೆ ಬೇರೆ ಪ್ರೊಸೆಸ್‌ಗಳಲ್ಲಿ ನಡೆಸುವ ಪದ್ಧತಿಯನ್ನು ಅನುಸರಿಸಿತು. ಫೈರ್‌ಫಾಕ್ಸ್ 2016ರಿಂದೀಚೆಗೆ ಕ್ರಮಕ್ರಮವಾಗಿ ಈ ದಾರಿಗೆ ಬಂದಿತು. ಒಂದು ಗಿರಣಿಯ ಬದಲು ಹತ್ತು ಗಿರಣಿಗಳು ಆದಂತಾಯಿತು. ಆದರೆ ಹತ್ತು ಗಿರಣಿಗಳಿಗೆ ಹತ್ತು ಕೋಣೆಗಳೂ ಬೇಕಷ್ಟೆ. ಆ ಕೋಣೆಗಳೇ ರ್‍ಯಾಮಿನ ಸ್ಥಳ. ಈಗಿನ ಪುಟವೊಂದು ನೂರಾರು ಮೆಗಾಬೈಟುಗಳನ್ನು ಬೇಡುವುದು ಅಪರೂಪವಲ್ಲ. ಒಟ್ಟು 4 ಗಿಗಾಬೈಟಿನ ಯಂತ್ರದಲ್ಲಿ ಇಪ್ಪತ್ತು ಟ್ಯಾಬುಗಳನ್ನು ತೆರೆದರೆ ಸ್ಥಳವು ಸಾಲದೆ ಹೋಗುತ್ತದೆ.

ಆಗ ವ್ಯವಸ್ಥೆಯು, ಸದ್ಯಕ್ಕೆ ಬೇಡವೆಂದು ತೋರಿದ ಭಾಗಗಳನ್ನು ಹಾರ್ಡ್ ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ಈ ಸಾಗಾಟದ ಬೆಲೆಯೆಷ್ಟು? ರ್‍ಯಾಮಿನಿಂದ ಒಂದು ಅಂಶವನ್ನು ಪಡೆಯಲು ಸುಮಾರು 100 ನ್ಯಾನೊಸೆಕೆಂಡು, ಎಂದರೆ ಸೆಕೆಂಡಿನ ಒಂದು ಕೋಟಿಯಲ್ಲಿ ಒಂದು ಪಾಲು ಸಾಕು. ಹಾರ್ಡ್ ಡಿಸ್ಕಾದರೋ ತಿರುಗುವ ತಟ್ಟೆ. ನಿಮಿಷಕ್ಕೆ 7200 ಸುತ್ತು ತಿರುಗಿದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು, ಬೇಕಾದ ಜಾಗವು ಎದುರಿಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಓದುವ ಮುಳ್ಳು ಆ ಜಾಡಿಗೆ ಸರಿಯಲು ಇನ್ನೂ ಕೆಲವು ಮಿಲಿಸೆಕೆಂಡು. ಒಟ್ಟು ಸುಮಾರು 10 ಮಿಲಿಸೆಕೆಂಡು. ಇವೆರಡರ ಅನುಪಾತವು ಒಂದು ಲಕ್ಷ! ಮೇಜಿನ ಮೇಲಿನ ಪುಸ್ತಕವನ್ನು ಎತ್ತಿಕೊಳ್ಳಲು ಒಂದು ಸೆಕೆಂಡು ಹಿಡಿಯುವುದಾದರೆ, ಉಗ್ರಾಣದಿಂದ ಅದನ್ನು ತರಿಸಲು ಸುಮಾರು 28 ಗಂಟೆಗಳು ಹಿಡಿದಂತಾಯಿತು.

ಸ್ಥಳವು ತೀರ ಸಾಲದಾದಾಗ ತಂದುದನ್ನು ಬಳಸುವ ಮೊದಲೇ ಹೊರಹಾಕಬೇಕಾಗುತ್ತದೆ. ಹೊರಹಾಕಿದ್ದನ್ನು ಮರುಕ್ಷಣವೇ ಮತ್ತೆ ತರಬೇಕಾಗುತ್ತದೆ. ಯಂತ್ರವು ಸಾಗಾಟದಲ್ಲಿಯೇ ಮುಳುಗಿ, ನಿಜವಾದ ಕೆಲಸವು ನಿಂತೇಹೋಗುತ್ತದೆ. ಈ ಸ್ಥಿತಿಯ ಕಾರಣಗಳನ್ನೂ ನಿವಾರಣೆಯನ್ನೂ ಪೀಟರ್ ಡೆನ್ನಿಂಗ್ 1968ರಲ್ಲಿಯೇ ವಿವರಿಸಿದನು. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಯಲ್ಲಿ ಒಂದು ಓದಿಗೆ ಸುಮಾರು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲು ಸಾಕಾಗುವುದರಿಂದ, ಹಳೆಯ ಕಂಪ್ಯೂಟರಿಗೆ ಅದನ್ನು ಹಾಕಿಸಿದಾಗ ನೂರರಷ್ಟು ಚುರುಕು ಕಾಣುವುದು ಈ ಭಾಗದಲ್ಲಿಯೇ.

ಪರಸ್ಪರ ತಡೆ

ಶಿರಾ ಗೇಟಿನಂತಹ ಕೂಡುರಸ್ತೆಯಲ್ಲಿ ನಾಲ್ಕು ದಿಕ್ಕಿನಿಂದ ನಾಲ್ಕು ಲಾರಿಗಳು ಒಮ್ಮೆಗೆ ನುಗ್ಗಿ, ಪ್ರತಿಯೊಂದೂ ಪಕ್ಕದ್ದರ ದಾರಿಗೆ ಅಡ್ಡವಾಗಿ ನಿಂತರೆ ಏನಾಗುವುದು? ಯಾವ ಲಾರಿಯೂ ಕೆಟ್ಟಿಲ್ಲ. ಆದರೂ ಒಂದೂ ಚಲಿಸಲಾರದು. ಇದನ್ನು 1965ರಲ್ಲಿ ಡೈಕ್‌ಸ್ಟ್ರಾ ಎಂಬ ಡಚ್ ವಿಜ್ಞಾನಿಯು ‘ಮಾರಕ ಆಲಿಂಗನ’ವೆಂದು ಕರೆದನು. ಬ್ರೌಸರಿನ ಒಂದು ಭಾಗವು ಇನ್ನೊಂದಕ್ಕಾಗಿ, ಅದು ಮೊದಲನೆಯದಕ್ಕಾಗಿ ಕಾಯುತ್ತ ಕುಳಿತರೆ ಪ್ರಾಸೆಸರು ಖಾಲಿಯಾಗಿದ್ದರೂ ಪರದೆಯು ಸ್ತಬ್ಧವಾಗಿರುತ್ತದೆ. ಇಂತಹ ದೋಷವನ್ನು ಬ್ರೌಸರನ್ನು ರಚಿಸಿದವರು ತಿದ್ದಬೇಕೇ ಹೊರತು ನಾವು ತಿದ್ದಲಾರೆವು. ಹೊಸ ಆವೃತ್ತಿಯನ್ನು ಹಾಕಿಕೊಳ್ಳುವುದರ ಪ್ರಯೋಜನವು ಇಲ್ಲಿ ಕಾಣುತ್ತದೆ.

ದೋಷವು ಎಷ್ಟು ಸೂಕ್ಷ್ಮವಾಗಿರಬಹುದೆಂಬುದಕ್ಕೆ ಒಂದು ನಿದರ್ಶನವುಂಟು. ನಮ್ಮ ಪಾವಗಡದ ಕಡೆ ಮನೆಮಾತಾಗಿರುವ ತೆಲುಗಿನ ‘ಜ್ಞಾ’ ಎಂಬ ಅಕ್ಷರವು, ಕಣ್ಣಿಗೆ ಕಾಣದ ಒಂದು ಚಿಹ್ನೆಯೊಡನೆ ಬಂದಾಗ, 2018ರ ಫೆಬ್ರುವರಿಯಲ್ಲಿ ಆಪಲ್ ಫೋನುಗಳ ಹಲವು ಆಪ್‌ಗಳು ಕುಸಿದುಬೀಳುತ್ತಿದ್ದವು. ಆ ಒತ್ತಕ್ಷರವನ್ನು ಜೋಡಿಸುವ ಭಾಗದಲ್ಲಿ ತಪ್ಪಿತ್ತು. ಕೆಲವು ದಿನಗಳಲ್ಲಿಯೇ ತಿದ್ದಿದ ಆವೃತ್ತಿಯು ಬಂದಿತು. ‘ವಿಜ್ಞಾನ’ ಪದದ ನಡುವಿನ ಅಕ್ಷರವೇ ಯಂತ್ರವನ್ನು ಕೆಡವಿದ್ದು ವಿಚಿತ್ರವೇ ಸರಿ.

ಶಾಖದ ಪಾತ್ರ

ಪ್ರಾಸೆಸರು ವ್ಯಯಿಸುವ ಶಕ್ತಿಯು ಅದರ ಆವರ್ತಕ್ಕೂ, ವೋಲ್ಟೇಜಿನ ವರ್ಗಕ್ಕೂ ಅನುಪಾತವಾಗಿರುತ್ತದೆ. ಹೆದ್ದಾರಿಯ ಧೂಳು ಫ್ಯಾನಿನ ರೆಕ್ಕೆಗಳಲ್ಲಿ ಕಟ್ಟಿಕೊಂಡರೆ ಶಾಖವು ಹೊರಗೆ ಹೋಗದೆ ಉಷ್ಣತೆಯು ಏರುತ್ತದೆ. 100 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಬಂದಾಗ ಪ್ರಾಸೆಸರು ತನ್ನನ್ನು ಉಳಿಸಿಕೊಳ್ಳಲು ಆವರ್ತವನ್ನೂ ವೋಲ್ಟೇಜನ್ನೂ ತಗ್ಗಿಸುತ್ತದೆ. ಎರಡನ್ನೂ ಹತ್ತರಲ್ಲಿ ಎಂಟು ಪಾಲಿಗೆ ಇಳಿಸಿದರೆ ಶಕ್ತಿಯು 0.8 × 0.8 × 0.8, ಎಂದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನದ ಬಿಸಿಲಿನಲ್ಲಿ ಮಂದವಾಗುವ ಯಂತ್ರಕ್ಕೆ ವೈರಸ್ಸಿಗಿಂತ ಮೊದಲು ಧೂಳನ್ನು ಶಂಕಿಸಬೇಕು.

ಪರೀಕ್ಷೆಯ ಕ್ರಮ

ಈಗ ಚಿಕಿತ್ಸೆಗೆ ಬರೋಣ. ಮೊದಲು ಒಂದು ನಿಮಿಷ ಕೈಕಟ್ಟಿ ಕಾಯಬೇಕು. ಅನಂತರ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಗುಂಡಿಗಳನ್ನು ಒಟ್ಟಿಗೆ ಒತ್ತಿ ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ತೆರೆದು, ಮೂರು ಅಂಕಿಗಳನ್ನು ನೋಡಬೇಕು. ಸ್ಮೃತಿಯು 90 ಶೇಕಡಾ ದಾಟಿ, ಡಿಸ್ಕು 100ರಲ್ಲಿ ನಿಂತಿದ್ದರೆ ಅದು ಸ್ಥಳದ ಅಭಾವ. ಬೇಡದ ಟ್ಯಾಬುಗಳನ್ನು ಮುಚ್ಚಬೇಕು. ಸ್ಮೃತಿಯು ಸಾಕಷ್ಟಿದ್ದು ಬ್ರೌಸರಿನ ಒಂದು ಪ್ರೊಸೆಸ್ ಎಡೆಬಿಡದೆ ಪ್ರಾಸೆಸರನ್ನು ತಿನ್ನುತ್ತಿದ್ದರೆ ಅದು ಸುತ್ತು. ನಾಲ್ಕು ಕೋರ್‌ಗಳ ಯಂತ್ರದಲ್ಲಿ ಇದು 100 ಎಂದಲ್ಲ, ಸುಮಾರು 25 ಶೇಕಡಾ ಎಂದು ಕಾಣಬಹುದೆಂಬುದನ್ನು ನೆನಪಿಡಬೇಕು. ಒಂದು ಕೋರ್ ಮಾತ್ರ ಪೂರ್ತಿ ದುಡಿಯುತ್ತಿರುತ್ತದೆ. ಮೂರು ಅಂಕಿಗಳೂ ಕಡಮೆಯಿದ್ದರೆ ಪರಸ್ಪರ ತಡೆಯನ್ನೋ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗದ ದೋಷವನ್ನೋ ಊಹಿಸಬಹುದು. ಗ್ರಾಫಿಕ್ಸಿನ ಶಂಕೆಯಿದ್ದರೆ ಬ್ರೌಸರಿನ ಸೆಟ್ಟಿಂಗಿನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಷನ್ ಎಂಬುದನ್ನು ಆರಿಸಿ ನೋಡಬೇಕು.

ತಪ್ಪಿತಸ್ಥ ಟ್ಯಾಬನ್ನು ಹಿಡಿಯಲು ಕ್ರೋಮಿನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಅದರದೇ ಪಟ್ಟಿಯು ತೆರೆಯುತ್ತದೆ. ಆ ಒಂದನ್ನೇ ಕೊನೆಗೊಳಿಸಿದರೆ ಉಳಿದವು ಬದುಕುತ್ತವೆ. ಅರ್ಜಿಯ ಟ್ಯಾಬನ್ನು ಮಾತ್ರ ಕಡೆಯವರೆಗೆ ಮುಟ್ಟಬಾರದು. ಉಳಿಸದೆ ತುಂಬಿದ ವಿವರಗಳು ಅದರ ಸ್ಮೃತಿಯಲ್ಲಿಯೇ ಇದ್ದು, ಅದರೊಡನೆಯೇ ಅಳಿಯುತ್ತವೆ.

ದೋಷವು ದಿನವೂ ಮರುಕಳಿಸಿದರೆ ಬ್ರೌಸರಿಗೆ ಅಂಟಿಸಿಕೊಂಡ ಎಕ್ಸ್‌ಟೆನ್ಷನ್‌ಗಳನ್ನು ಪರೀಕ್ಷಿಸಬೇಕು. ಎಂಟು ಇದ್ದರೆ ಎಂಟು ಸಲ ನೋಡಬೇಕಾಗಿಲ್ಲ. ನಾಲ್ಕನ್ನು ಆರಿಸಿ ನೋಡಿದರೆ ಕಳ್ಳನು ಯಾವ ಅರ್ಧದಲ್ಲಿದ್ದಾನೆಂದು ತಿಳಿಯುತ್ತದೆ. ಆ ಅರ್ಧವನ್ನು ಮತ್ತೆ ಎರಡಾಗಿ, ಮತ್ತೆ ಎರಡಾಗಿ ಒಡೆದರೆ ಮೂರೇ ಪರೀಕ್ಷೆಗಳಲ್ಲಿ ಅವನು ಸಿಕ್ಕುತ್ತಾನೆ. ಹದಿನಾರಿದ್ದರೆ ನಾಲ್ಕು ಸಾಕು. ಆಮೇಲೂ ಗುಣವಾಗದಿದ್ದರೆ ಬ್ರೌಸರಿನಲ್ಲಿ ಹೊಸ ಪ್ರೊಫೈಲನ್ನು ತೆರೆದು ನೋಡಬೇಕು. ಬ್ರೌಸರನ್ನು ತೆಗೆದು ಮತ್ತೆ ಹಾಕಿದರೂ ಹಳೆಯ ಪ್ರೊಫೈಲು ಡಿಸ್ಕಿನಲ್ಲಿ ಸಾಮಾನ್ಯವಾಗಿ ಉಳಿದೇ ಇರುತ್ತದೆ. ರೋಗವು ಮರಳಿ ಬರುವುದು ಅದರಿಂದಲೇ.

ಒಂದು ಎಚ್ಚರಿಕೆ

ಕೆಲವೊಮ್ಮೆ ವಂಚಕರೇ ಬ್ರೌಸರನ್ನು ಬೇಕೆಂದು ಸ್ತಬ್ಧಗೊಳಿಸುತ್ತಾರೆ. ಪುಟವು ಪರದೆಯ ತುಂಬ ಹರಡಿ, ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆಮಾಡಿ’ ಎಂದು ಕೂಗುತ್ತದೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಕರೆ ಮಾಡದೆ, ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ಮುಚ್ಚಿ, ಮತ್ತೆ ತೆರೆಯುವಾಗ ಹಳೆಯ ಪುಟಗಳನ್ನು ಮರಳಿ ತರದಿದ್ದರೆ ಸಾಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ತಿಳಿಸಬೇಕು.

ಮೇಲಿನ ಕ್ರಮದಲ್ಲಿ ಹೊಸತೇನೂ ಇಲ್ಲ. ಪ್ರಯೋಗಶಾಲೆಯಲ್ಲಿ ಲೋಲಕದ ಉದ್ದವನ್ನು ಬದಲಿಸುವಾಗ ಅದರ ಗುಂಡನ್ನು ಬದಲಿಸಬಾರದೆಂದು ವಿದ್ಯಾರ್ಥಿಗಳು ಕಲಿತಿದ್ದಾರೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ಬರೆದಿಟ್ಟು, ಊಹೆಯು ಸುಳ್ಳಾದರೆ ಅದನ್ನು ಕೈಬಿಡುವುದೇ ಇಲ್ಲಿಯೂ ಇರುವ ನಿಯಮ. ಮನೆಯ ಕಂಪ್ಯೂಟರು ನಿಂತಾಗ ಅದರ ಮೇಲೆ ಸಿಟ್ಟಾಗುವ ಬದಲು ಒಂದು ಹಾಳೆಯನ್ನೂ ಪೆನ್ಸಿಲನ್ನೂ ಕೈಗೆ ತೆಗೆದುಕೊಂಡವರಿಗೆ, ಹೊಸದನ್ನು ಕೊಳ್ಳುವ ಹಣವು ಬಹುಶಃ ಉಳಿಯುತ್ತದೆ.