ಮೊದಲ ಮಾದರಿ ವಿಮಾನವನ್ನು ಆರಿಸುವುದು: ವಿಜ್ಞಾನ ಸಂಘವೊಂದರ ಅನುಭವದಿಂದ

ಬೋಧನಾಭ್ಯಾಸಕ್ಕೆಂದು ನನ್ನನ್ನು ಕಳಿಸಿದ್ದು ತೆಂಗಿನ ತೋಟಗಳ ನಡುವಿನ ಒಂದು ಪ್ರೌಢಶಾಲೆಗೆ. ಎಂಟನೇ ತರಗತಿಗೆ ‘ಬಲ ಮತ್ತು ಒತ್ತಡ’ ಘಟಕ ಮುಗಿದಿತ್ತು. ರಿಮೋಟ್‌ನಿಂದ ಹಾರುವ ಮಾದರಿ ವಿಮಾನವೊಂದನ್ನು ತರಿಸಿ ಹಾರಿಸಿ ತೋರಿಸೋಣ ಎಂದು ವಿಜ್ಞಾನ ಸಂಘದ ಸಭೆಯಲ್ಲಿ ನಾನೇ ಮುಂದಾಗಿ ಹೇಳಿದೆ. ಸಂಘದಲ್ಲಿ ಉಳಿದಿದ್ದ 3,000 ರೂಪಾಯಿಗೆ ನನ್ನ 5,000 ಸೇರಿಸಿ, ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ, ಯುದ್ಧವಿಮಾನದ ಆಕಾರದ ಒಂದನ್ನು ತರಿಸಿದೆ. ಪೆಟ್ಟಿಗೆಯ ಮೂಲೆಯಲ್ಲಿ ‘ಹೊಸಬರಿಗೂ ಸುಲಭ’ ಎಂಬ ಅರ್ಥದ ಮಾತೂ ಇತ್ತು.

ಒಂದು ಶನಿವಾರ ಬೆಳಿಗ್ಗೆ ನಲವತ್ತೆರಡು ಮಕ್ಕಳು ಮೈದಾನದ ಅಂಚಿನಲ್ಲಿ ನಿಂತಿದ್ದರು. ಮೋಟಾರು ಪೂರ್ತಿ ವೇಗಕ್ಕೆ ಬಂದ ಮೇಲೆ ನಾನು ಓಡುತ್ತಾ ಬಂದು ಎಸೆದೆ. ವಿಮಾನ ಒಂದು ಕ್ಷಣ ಗಾಳಿಯಲ್ಲಿ ತೂಗಾಡಿ, ಎಡರೆಕ್ಕೆ ಕೆಳಗೆ ಹಾಕಿ, ಮಗುಚಿ, ಮೂತಿ ಮುಂದಾಗಿ ನೆಲಕ್ಕೆ ಬಡಿಯಿತು. ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ದನಿಯಲ್ಲಿ ಕೇಳಿದಳು: “ಮಿಸ್, ಇದು ಹಾರೋಕೆ ಮಾಡಿದ್ದೋ, ನೋಡೋಕೆ ಮಾಡಿದ್ದೋ?”

ಮಾರ್ಗದರ್ಶಕ ಶಿಕ್ಷಕಿಯವರು ನನ್ನನ್ನು ಬೈಯಲಿಲ್ಲ. “ಚೂರುಗಳನ್ನು ಬಿಸಾಕಬೇಡಿ, ತೂಕ ಹಾಕಿಸಿ, ರೆಕ್ಕೆಯ ಅಳತೆ ತೆಗೆಸಿ. ಮಕ್ಕಳ ಕೈಯಲ್ಲೇ ಮಾಡಿಸಿ,” ಎಂದರು ಅಷ್ಟೇ. ಮುಂದಿನ ವಾರದ ಎರಡು ಅವಧಿಗಳು ಅದಕ್ಕೇ ಹೋದವು. ಆ ಲೆಕ್ಕವನ್ನು ಕೊಳ್ಳುವ ಮೊದಲೇ ಮಾಡಬೇಕಿತ್ತು. ಬೇರೆ ಶಾಲೆಗಳಲ್ಲಿ ಇಂಥ ಪ್ರಯತ್ನಕ್ಕೆ ಕೈಹಾಕುವ ಪ್ರಶಿಕ್ಷಣಾರ್ಥಿ ಮಿತ್ರರಿಗಾಗಿ ಅದನ್ನು ಇಲ್ಲಿ ಬರೆದಿದ್ದೇನೆ.

ವಿಮಾನದ ಒಟ್ಟು ತೂಕವನ್ನು ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ರೆಕ್ಕೆಯ ಹೊರೆ ಎನ್ನೋಣ. ಮಾದರಿ ವಿಮಾನದವರು ಇದನ್ನು ಚದರ ಡೆಸಿಮೀಟರಿಗೆ ಇಷ್ಟು ಗ್ರಾಂ ಎಂದು ಹೇಳುತ್ತಾರೆ. ಬಲವನ್ನು ವಿಸ್ತೀರ್ಣದಿಂದ ಭಾಗಿಸುವುದು ಎಂಟನೇ ತರಗತಿಯವರಿಗೆ ಗೊತ್ತಿರುವುದೇ. ಒತ್ತಡದ ಪಾಠದಲ್ಲಿ ಮಾಡಿದ ಲೆಕ್ಕವೇ ಇಲ್ಲಿ ಇನ್ನೊಂದು ವೇಷದಲ್ಲಿ ಬರುತ್ತದೆ. ನಮ್ಮ ಮುರಿದ ವಿಮಾನದ ತೂಕ ಬ್ಯಾಟರಿ ಸೇರಿ 900 ಗ್ರಾಂ. ರೆಕ್ಕೆಯ ಉದ್ದ 70 ಸೆಂಟಿಮೀಟರ್, ಸರಾಸರಿ ಅಗಲ 17. ವಿಸ್ತೀರ್ಣ ಸುಮಾರು 12 ಚದರ ಡೆಸಿಮೀಟರ್. ಹೊರೆ 75 ಗ್ರಾಂ.

ರೆಕ್ಕೆ ಎತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ಪ್ರತಿ ವಿಮಾನಕ್ಕೂ ಇಷ್ಟಕ್ಕಿಂತ ನಿಧಾನವಾದರೆ ಗಾಳಿಯಲ್ಲಿ ನಿಲ್ಲಲಾರದು ಎಂಬ ಒಂದು ಕನಿಷ್ಠ ವೇಗವಿದೆ. ಹೊರೆ ನಾಲ್ಕು ಪಟ್ಟಾದರೆ ಆ ಕನಿಷ್ಠ ವೇಗ ಎರಡು ಪಟ್ಟು. ಸಾಮಾನ್ಯ ರೆಕ್ಕೆಗೆ ಲೆಕ್ಕ ಹಾಕಿದರೆ 75 ಗ್ರಾಂ ಹೊರೆಗೆ ಅದು ಸೆಕೆಂಡಿಗೆ ಸುಮಾರು 11 ಮೀಟರ್, ಅಂದರೆ ಗಂಟೆಗೆ 40 ಕಿಲೋಮೀಟರ್ ಬರುತ್ತದೆ. ಸೀರೆಯುಟ್ಟು ಓಡಿಬಂದು ಎಸೆದ ನಾನು ಅದಕ್ಕೆ ಕೊಟ್ಟ ವೇಗ ಇದರ ಹತ್ತಿರಕ್ಕೂ ಬಂದಿರಲಾರದು. ಸಾಲದ ವೇಗದಲ್ಲಿ ರೆಕ್ಕೆ ಸೋತಿತು. ತಿರುಗುತ್ತಿದ್ದ ಪಂಖದ ಪ್ರತಿಕ್ರಿಯೆ ವಿಮಾನವನ್ನು ಎಡಕ್ಕೆ ಹೊರಳಿಸಿತು. ಮೂರನೇ ನಿಯಮಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಇದರ ಪಕ್ಕದಲ್ಲಿ ಕಲಿಯುವವರಿಗೆಂದೇ ಮಾಡಿದ ಒಂದು ವಿಮಾನವನ್ನು ಇಡಿ. ರೆಕ್ಕೆ 120 ಸೆಂಟಿಮೀಟರ್ ಉದ್ದ, 20 ಅಗಲ, ತೂಕ 720 ಗ್ರಾಂ. ಹೊರೆ 30 ಗ್ರಾಂ. ಕನಿಷ್ಠ ವೇಗ ಸೆಕೆಂಡಿಗೆ ಸುಮಾರು 7 ಮೀಟರ್, ಗಂಟೆಗೆ 25 ಕಿಲೋಮೀಟರ್. ಕೈಯಿಂದ ಎಸೆದರೆ ಈ ವೇಗ ಸಿಗುತ್ತದೆ. ಗಾಳಿಗೆ ಮುಖಮಾಡಿ ಎಸೆದರೆ ಇನ್ನೂ ಸುಲಭ. ನೆಲಕ್ಕೆ ಬಡಿದಾಗ ಆಗುವ ಪೆಟ್ಟಿನ ವ್ಯತ್ಯಾಸವನ್ನು ಮಕ್ಕಳೇ ಚಲನಶಕ್ತಿಯ ಸೂತ್ರದಿಂದ ತೆಗೆದರು: ಮೊದಲನೆಯದರ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ ತಮ್ಮ ಲೆಕ್ಕದಲ್ಲಿ ಬಂದಾಗ ಒಬ್ಬ ಹುಡುಗ ಎರಡು ಸಲ ತಾಳೆ ನೋಡಿದ. ಯೋಚಿಸಲು ಸಿಗುವ ಸಮಯವೂ ಮುಖ್ಯ. ನೂರು ಮೀಟರ್ ಮೈದಾನವನ್ನು ಸೆಕೆಂಡಿಗೆ 20 ಮೀಟರ್ ವೇಗದ ವಿಮಾನ ಐದು ಸೆಕೆಂಡಿನಲ್ಲಿ ದಾಟುತ್ತದೆ, ಆಮೇಲೆ ಇರುವುದು ತೆಂಗಿನ ಮರ.

ಆದ್ದರಿಂದ ಅಂಗಡಿಯವರ ವಿವರಣೆಯಲ್ಲಿ ಮೊದಲು ಹುಡುಕಬೇಕಾದ್ದು ತೂಕ, ರೆಕ್ಕೆಯ ಉದ್ದ ಮತ್ತು ಅಗಲ. ಸುಮಾರು ಒಂದು ಮೀಟರಿನಿಂದ ಒಂದೂಕಾಲು ಮೀಟರ್ ರೆಕ್ಕೆಯ ವಿಮಾನಕ್ಕೆ ಹೊರೆ 35 ಗ್ರಾಂ ಒಳಗಿರಲಿ ಎಂಬುದು ನನ್ನ ಅಳತೆಗೋಲು. ಈ ಅಂಕಿಗಳನ್ನು ಕೊಡದ ವಿಮಾನವನ್ನು ನಾನು ಇನ್ನು ಕೊಳ್ಳುವುದಿಲ್ಲ.

ಆಕಾರದಲ್ಲಿ ನೋಡಬೇಕಾದವು ಎರಡು. ರೆಕ್ಕೆ ಒಡಲಿನ ಮೇಲ್ಭಾಗದಲ್ಲಿರಬೇಕು, ಮತ್ತು ಎದುರಿನಿಂದ ನೋಡಿದಾಗ ಎರಡೂ ತುದಿಗಳು ಸ್ವಲ್ಪ ಮೇಲಕ್ಕೆದ್ದು ಅಗಲವಾದ ಇಂಗ್ಲಿಷ್ ‘ವಿ’ಯಂತೆ ಕಾಣಬೇಕು. ಹೀಗಿದ್ದಾಗ ವಿಮಾನ ಒಂದು ಬದಿಗೆ ವಾಲಿ ಜಾರತೊಡಗಿದರೆ ತಗ್ಗಿದ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ತಾಗಿ ಅದನ್ನು ಮೇಲಕ್ಕೆತ್ತುತ್ತದೆ. ಗಾಬರಿಯಾದ ಕಲಿಕಾರ್ಥಿ ರಿಮೋಟಿನ ಕಡ್ಡಿಗಳನ್ನು ಸುಮ್ಮನೆ ಬಿಟ್ಟರೂ ವಿಮಾನ ತಾನಾಗಿ ಸಮವಾಗುತ್ತದೆ. ಯುದ್ಧವಿಮಾನದಂಥವು ಹಾಕಿದ ವಾಲುವಿಕೆಯಲ್ಲೇ ಉಳಿಯುವಂತೆ ರಚನೆಯಾಗಿರುತ್ತವೆ. ಪಳಗಿದವನಿಗೆ ಅದೇ ಬೇಕು, ಹೊಸಬನಿಗೆ ಅದೇ ಕಂಟಕ.

ಇಂಥ ರೆಕ್ಕೆಗೆ ಮೂರು ಚಾನಲ್ ಸಾಕು: ಮೋಟಾರಿನ ವೇಗ, ಏರಿಳಿತಕ್ಕೆ ಬಾಲದ ಅಡ್ಡಪಟ್ಟಿ, ತಿರುವಿಗೆ ಬಾಲದ ನೆಟ್ಟನೆಯ ಪಟ್ಟಿ. ರೆಕ್ಕೆಯ ತುದಿಯಲ್ಲಿ ಆಡುವ ಪಟ್ಟಿಗಳು ನಾಲ್ಕನೇ ಚಾನಲ್. ಅವು ಎರಡನೇ ವಿಮಾನಕ್ಕಿರಲಿ. ನಾಲ್ಕು ಚಾನಲ್‌ನಲ್ಲೇ ಶುರುಮಾಡಿದರೆ ಒಳ್ಳೆಯ ಅಭ್ಯಾಸ ಬರುತ್ತದೆ ಎನ್ನುವವರಿದ್ದಾರೆ. ಪಕ್ಕದಲ್ಲಿ ಪಳಗಿದವರು ನಿಂತಿದ್ದರೆ ಒಪ್ಪಬಹುದು, ಹಳ್ಳಿ ಶಾಲೆಯಲ್ಲಿ ಅಂಥವರು ಎಲ್ಲಿಂದ ಬರಬೇಕು? ಈಗಿನ ಕೆಲವು ವಿಮಾನಗಳಲ್ಲಿ ಗೈರೋ ಕೂತು ವಾಲುವಿಕೆಯನ್ನು ತಾನೇ ತಿದ್ದುತ್ತದೆ. ಉಪಯುಕ್ತವೇ, ಆದರೆ ಅದು ರೆಕ್ಕೆಯ ಹೊರೆಯನ್ನು ಕಡಿಮೆ ಮಾಡಲಾರದು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು: ಅದು ಬಿದ್ದೇ ಬೀಳುತ್ತದೆ, ಬಿದ್ದ ಮೇಲೆ ಸಂಜೆಯೊಳಗೆ ಸರಿಮಾಡಲು ಆಗಬೇಕು. ಬಾಲ್ಸಾ ಮರದ ತೆಳುಪಟ್ಟಿಗಳಿಂದ ಜೋಡಿಸುವ ಕಿಟ್‌ಗಳು ಕೈಕೆಲಸದ ದೃಷ್ಟಿಯಿಂದ ಬಹಳ ಚೆಂದ. ಆದರೆ ವಾರಗಟ್ಟಲೆ ಕೂತು ಕಟ್ಟಿದ್ದು ಒಂದು ಬೀಳಿನಲ್ಲಿ ಪುಡಿಯಾದರೆ ಮಕ್ಕಳ ಉತ್ಸಾಹವೂ ಅದರೊಂದಿಗೆ ಹೋಗುತ್ತದೆ. ಇ.ಪಿ.ಪಿ. ಎಂಬ ಫೋಮ್ ರಬ್ಬರಿನಂತೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಇ.ಪಿ.ಓ. ಮುರಿಯುತ್ತದೆ, ಆದರೆ ಶುದ್ಧವಾಗಿ ಮುರಿಯುತ್ತದೆ. ತಕ್ಕ ಅಂಟು ಹಚ್ಚಿ ಮೇಲೆ ಟೇಪ್ ಸುತ್ತಿದರೆ ಮರುದಿನ ಹಾರುತ್ತದೆ. ನಮ್ಮಲ್ಲಿ ಎಲ್ಲರೂ ಥರ್ಮಕೋಲ್ ಎಂದು ಕರೆಯುವ ಬಿಳಿ ಫೋಮಿಗೆ ಮಾತ್ರ ಪೆಟ್ರೋಲಿನ ಅಂಶವಿರುವ ಅಂಟು ಆಗದು, ಕರಗಿಹೋಗುತ್ತದೆ. ಫೆವಿಕಾಲ್ ನಿಧಾನವಾದರೂ ಸುರಕ್ಷಿತ. ಕೊಳ್ಳುವಾಗ ಪಂಖಗಳನ್ನು ಒಂದಲ್ಲ, ನಾಲ್ಕು ತರಿಸಿ.

ಪಂಖ ಮೂತಿಯ ತುದಿಯಲ್ಲಿದ್ದರೆ ಪ್ರತಿ ಬೀಳಿಗೂ ಪಂಖ ಮತ್ತು ಮೋಟಾರಿನ ದಂಡಕ್ಕೆ ಮೊದಲ ಪೆಟ್ಟು. ರೆಕ್ಕೆಯ ಹಿಂದೆ, ಒಡಲಿನ ಮೇಲೆ ಕೂತಿದ್ದರೆ ನೆಲಕ್ಕೆ ತಾಗುವುದು ಬರೀ ಫೋಮಿನ ಮೂತಿ. ಮಲ್ಟಿಪ್ಲೆಕ್ಸ್ ಕಂಪನಿಯ ಈಸಿಸ್ಟಾರ್ ಈ ವಿನ್ಯಾಸದ ಹೆಸರುವಾಸಿ ವಿಮಾನ. ಹಾಬಿಕಿಂಗ್‌ನವರ ಬಿಕ್ಸ್‌ಲರ್ ಕೂಡ ಅದೇ ಜಾಡಿನದು. ಇವಕ್ಕೆ ಚಕ್ರವಿಲ್ಲ, ಎಸೆದು ಹಾರಿಸಿ ಹೊಟ್ಟೆಯ ಮೇಲೆ ಇಳಿಸಬೇಕು. ಡಾಂಬರು ಓಡುಹಾದಿ ಇಲ್ಲದ ನಮಗೆ ಅದೇ ಅನುಕೂಲ. ರಾಗಿ ಕೊಯ್ದ ಹೊಲದಲ್ಲಿ ಸಣ್ಣ ಚಕ್ರ ಕೂಳೆಗೆ ಸಿಕ್ಕಿ ವಿಮಾನ ಪಲ್ಟಿ ಹೊಡೆಯುತ್ತದೆ. ಹಣ ತೀರಾ ಕಡಿಮೆಯಿದ್ದರೆ ಫ್ಲೈಟ್ ಟೆಸ್ಟ್ ಎಂಬ ಅಮೆರಿಕದ ತಂಡದವರು ಫೋಮ್ ಬೋರ್ಡಿನಿಂದ ಕತ್ತರಿಸಿ ಮಾಡುವ ವಿಮಾನಗಳ ನಕ್ಷೆಗಳನ್ನು ಉಚಿತವಾಗಿ ಕೊಡುತ್ತಾರೆ. ಟೈನಿ ಟ್ರೈನರ್ ಎಂಬುದು ಅವುಗಳಲ್ಲಿ ಹೊಸಬರಿಗಾಗಿಯೇ ಇರುವುದು. ನಮ್ಮ ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ ಹಾಳೆಯನ್ನು ಮಾತ್ರ ಮೊದಲು ತೂಗಿ ನೋಡಿ. ಸನ್‌ಬೋರ್ಡ್ ಎಂದು ಕೊಡುವುದು ಭಾರ. ಅದರಿಂದ ಕತ್ತರಿಸಿದರೆ ಮತ್ತೆ ಹೊರೆಯ ಕಥೆಗೇ ಬರುತ್ತೇವೆ.

ಬೆಲೆಯಲ್ಲಿ ಮೋಸಹೋಗುವ ಜಾಗ ಪೆಟ್ಟಿಗೆಯ ಮೇಲಿನ ಮೂರಕ್ಷರ. ಆರ್.ಟಿ.ಎಫ್. ಎಂದಿದ್ದರೆ ರಿಮೋಟ್, ಬ್ಯಾಟರಿ, ಚಾರ್ಜರ್ ಸಾಮಾನ್ಯವಾಗಿ ಒಳಗಿರುತ್ತವೆ. ಬಿ.ಎನ್.ಎಫ್. ಎಂದರೆ ರಿಸೀವರ್ ಇರುತ್ತದೆ, ರಿಮೋಟ್ ಇರುವುದಿಲ್ಲ. ಪಿ.ಎನ್.ಪಿ. ಎಂದರೆ ಮೋಟಾರು ಮತ್ತು ಸರ್ವೋಗಳು ಕೂತಿರುತ್ತವೆ. ರಿಮೋಟ್, ರಿಸೀವರ್, ಬ್ಯಾಟರಿ ನಿಮ್ಮವು. ಬರೀ ಕಿಟ್ ಎಂದರೆ ಫೋಮ್ ಅಥವಾ ಮರದ ಭಾಗಗಳು ಮಾತ್ರ. ಬೆಲೆ ಹೋಲಿಸುವಾಗ ಇಲ್ಲದ್ದೆಲ್ಲವನ್ನೂ ಕೂಡಿಸಿ ಹೋಲಿಸಬೇಕು. ರಿಮೋಟ್ ಮಾತ್ರ ಆದಷ್ಟು ಒಳ್ಳೆಯದನ್ನೇ, 2.4 ಗಿಗಾಹರ್ಟ್ಸ್‌ನದು, ಬೇರೆ ವಿಮಾನಕ್ಕೂ ಹೊಂದಿಸಬಹುದಾದ್ದನ್ನು ಕೊಳ್ಳಿ. ವಿಮಾನ ಹೋದರೂ ಅದು ಉಳಿಯುತ್ತದೆ. ನಮ್ಮ ಮೊದಲ ಪೆಟ್ಟಿಗೆಯಿಂದ ಉಳಿದದ್ದೂ ಅದೊಂದೇ, ಜೊತೆಗೆ ಚಾರ್ಜರ್.

ಲಿಥಿಯಂ ಪಾಲಿಮರ್ ಬ್ಯಾಟರಿ ಶಾಲೆಯಲ್ಲಿ ಎಚ್ಚರದಿಂದ ಇಡಬೇಕಾದ ವಸ್ತು. ಪೂರ್ತಿ ತುಂಬಿದಾಗ ಒಂದು ಕೋಶಕ್ಕೆ 4.2 ವೋಲ್ಟ್, ಅದಕ್ಕಿಂತ ಹೆಚ್ಚು ತುಂಬಿದರೆ, ಚುಚ್ಚಿದರೆ, ಜಜ್ಜಿದರೆ ಹೊತ್ತಿಕೊಳ್ಳಬಹುದು. ಕೋಶಗಳನ್ನು ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಬೇಕೇ ಬೇಕು. ಸಿಮೆಂಟ್ ನೆಲದ ಮೇಲೆ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟು, ದೊಡ್ಡವರೊಬ್ಬರು ಎದುರಿಗೆ ಕೂತಿರುವಾಗ ಮಾತ್ರ ಚಾರ್ಜ್ ಮಾಡಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು. ಪಂಖದ ಎದುರು ಮತ್ತು ಪಕ್ಕದಲ್ಲಿ ಮಕ್ಕಳು ನಿಲ್ಲಬಾರದು. ಬ್ಯಾಟರಿ ಸಿಕ್ಕಿಸಿದ ಕ್ಷಣದಿಂದಲೇ ಈ ನಿಯಮ. ಎಲ್ಲಿ ಹಾರಿಸಬಹುದು ಎಂಬುದನ್ನು 2021ರ ಡ್ರೋನ್ ನಿಯಮಗಳ ಪ್ರಕಾರ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಮೊದಲೇ ನೋಡಿ, ಮುಖ್ಯೋಪಾಧ್ಯಾಯರಿಗೆ ತೋರಿಸಿ ಅನುಮತಿ ಪಡೆಯುವುದು ಸರಿಯಾದ ಕ್ರಮ.

ಎರಡನೇ ವಿಮಾನ ಬರುವವರೆಗಿನ ಒಂದು ತಿಂಗಳು ವ್ಯರ್ಥವಾಗಲಿಲ್ಲ. ಮಕ್ಕಳು ಥರ್ಮಕೋಲ್ ತಟ್ಟೆ ಕತ್ತರಿಸಿ ಕೈಯಿಂದ ಎಸೆಯುವ ಗ್ಲೈಡರ್ ಮಾಡಿದರು. ಮೂತಿಗೆ ಜೇಡಿಮಣ್ಣು ಮೆತ್ತುತ್ತಾ, ತೆಗೆಯುತ್ತಾ, ತೂಕದ ಕೇಂದ್ರ ರೆಕ್ಕೆಯ ಮುಂಚಿನಿಂದ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಬಂದಾಗಲೇ ನೆಟ್ಟಗೆ ಹೋಗುತ್ತದೆ ಎಂದು ಕಂಡುಕೊಂಡರು. ರೆಕ್ಕೆಯ ಮೇಲಿನ ಗಾಳಿ ಕೆಳಗಿನ ಗಾಳಿಯನ್ನು ಕೂಡಿಕೊಳ್ಳಲು ಬೇಗ ಓಡುತ್ತದೆ ಎಂದು ನಾನು ಪಾಠಯೋಜನೆಯಲ್ಲಿ ಬರೆದಿದ್ದೆ. ಚಪ್ಪಟೆ ಥರ್ಮಕೋಲ್ ಹಾರುವುದನ್ನು ಕಂಡು ಆ ಸಾಲನ್ನು ನಾನೇ ಹೊಡೆದುಹಾಕಿದೆ. ನಾನು ಸಂಜೆ ಹೊತ್ತು ಪಿಕಾಸಿಮ್ ಎಂಬ ಉಚಿತ ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಿದೆ. ವಿಮಾನ ನಮ್ಮತ್ತ ಬರುವಾಗ ಎಡಬಲ ಅದಲುಬದಲಾಗುತ್ತದೆ. ಆಗ ಯಾವ ರೆಕ್ಕೆ ತಗ್ಗಿ ಕಾಣುತ್ತದೋ ಆ ಬದಿಗೆ ಕಡ್ಡಿ ತಳ್ಳಿದರೆ ಸಮವಾಗುತ್ತದೆ. ಇದೊಂದು ಕೈಗೆ ಬರಲು ನನಗೆ ಹತ್ತು ದಿನ ಬೇಕಾಯಿತು.

ಎರಡನೆಯದನ್ನು ಆರಿಸಿದವರು ಮಕ್ಕಳೇ. ನಾಲ್ಕು ವಿಮಾನಗಳ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ, ಚಿತ್ರ ತೋರಿಸಲಿಲ್ಲ. ಐದು ಗುಂಪುಗಳಲ್ಲಿ ನಾಲ್ಕು ಒಂದೇ ವಿಮಾನಕ್ಕೆ ಬಂದವು. ರಿಮೋಟ್, ಚಾರ್ಜರ್ ಇದ್ದುದರಿಂದ ಉಳಿದ ಭಾಗಗಳಿಗೆ ನನ್ನ ಕೈಯಿಂದ ಇನ್ನೂ 3,500 ಹೋಯಿತು. ಡಿಸೆಂಬರಿನ ಒಂದು ಬೆಳಿಗ್ಗೆ, ಗಾಳಿ ಏಳುವ ಮೊದಲು ಏಳು ಗಂಟೆಗೆ, ಶಾಲೆಯ ಹಿಂದಿನ ರಾಗಿ ಹೊಲದಲ್ಲಿ ಎಸೆದೆವು. ಆರು ನಿಮಿಷ ಹಾರಿತು. ಇಳಿಸುವಾಗ ಬದುವಿಗೆ ತಾಗಿ ಮೂತಿ ಸೀಳಿತು. ಅಲ್ಲೇ ಟೇಪ್ ಸುತ್ತಿ ಮತ್ತೆ ಹಾರಿಸಿದೆವು. “ಮಿಸ್, ಇದು ಹಾರೋಕೆ ಮಾಡಿದ್ದು,” ಎಂದಳು ಅದೇ ಹುಡುಗಿ.

ವಿಮಾನ ಈಗ ಆ ಶಾಲೆಯ ಪ್ರಯೋಗಾಲಯದ ಗೋಡೆಯ ಮೇಲಿದೆ, ರೆಕ್ಕೆಗೆ ಒಂಬತ್ತು ಕಡೆ ಟೇಪ್. ಬ್ಯಾಟರಿಗಳನ್ನು ಕೋಶಕ್ಕೆ 3.8 ವೋಲ್ಟ್‌ಗೆ ತಂದು ತಗಡಿನ ಡಬ್ಬಿಯಲ್ಲಿ ಇಟ್ಟಿದ್ದೇವೆ. ಅಲ್ಲಿಗೆ ಹೋಗುವ ಮುಂದಿನ ತಂಡದವರು ತಿಂಗಳಿಗೊಮ್ಮೆ ಅಳೆದು ನೋಡಬೇಕು. ಡಬ್ಬಿಯ ಕೀಲಿ ವಿಜ್ಞಾನ ಶಿಕ್ಷಕಿಯವರ ಬಳಿ ಇದೆ.